ನಮ್ಮವರ ಸಾವು ಯಾರ ಲೆಕ್ಕಕ್ಕೆ?

(ಕಳೆದ ಭಾನುವಾರ ನಮ್ಮೂರ ಗ್ರಂಥಾಲಯದಲ್ಲಿ ಆಡಿದ ಮಾತಿನ ಬರಹ ರೂಪ. ಬರಲಿಕ್ಕೆ ಆಗದವರು ಕೇಳಿದ್ದರಿಂದ ಪುಟದಲ್ಲಿ ಹಾಕುತ್ತಿದ್ದೇವೆ. ಸ್ವಲ್ಪ ಉದ್ದ ಉಂಟು, ಬೇಸರಿಸಬೇಡಿ.)



ಕೊರೊನಾ ವಿಷಯ ಈಗ ಯಾಕೆ ಅಂತ ಬಾಗಿಲಲ್ಲೇ ಇಬ್ಬರು ಕೇಳಿದರು. ಕೇಳಬೇಕಾದ್ದೇ. ನಮಗೂ ಅದನ್ನು ಮರೆತರೆ ಸಾಕು ಅಂತ ಉಂಟು. ಆದರೆ 2021ನೇ ಇಸವಿಯಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳ ಲೆಕ್ಕ ಹೊರಗೆ ಬಂದದ್ದೇ 2025ರ ಮೇ ತಿಂಗಳಲ್ಲಿ. ನಾಲ್ಕು ವರ್ಷ ತಡ. 2019ರಲ್ಲಿ 76.4 ಲಕ್ಷ, 2020ರಲ್ಲಿ 81.2 ಲಕ್ಷ, 2021ರಲ್ಲಿ 102.2 ಲಕ್ಷ. ಒಂದೇ ವರ್ಷದಲ್ಲಿ 21 ಲಕ್ಷ ಹೆಚ್ಚು. ಅದೇ ವರ್ಷ ಕೋವಿಡ್‌ನಿಂದ ಸತ್ತವರು ಅಂತ ಸರಕಾರ ದಿನಾ ಹೇಳಿದ್ದನ್ನೆಲ್ಲ ಕೂಡಿಸಿದರೆ ಸುಮಾರು 3.3 ಲಕ್ಷ. ಹೆಚ್ಚಾದ 21 ಲಕ್ಷವೂ ಕೋವಿಡ್ ಅಂತ ನಾವು ಹೇಳುವುದಿಲ್ಲ. ನೋಂದಣಿ ಮಾಡಿಸುವವರು ವರ್ಷದಿಂದ ವರ್ಷಕ್ಕೆ ಹೆಚ್ಚಾಗ್ತಾ ಇದ್ದಾರೆ, ಅದೂ ಒಂದು ಕಾರಣ. ಆದರೂ ಅಂತರ ಸಣ್ಣದಲ್ಲ.

ಈ ಅಂಕಿ ನೋಡಿದ ಮೇಲೆ ನಾವು ನಾಲ್ಕೈದು ಮಂದಿ ಒಂದು ನೋಟ್‌ಬುಕ್ ಹಿಡಿದು ಕೂತೆವು. ನಮ್ಮ ವಾರ್ಡಿನಲ್ಲಿ ಆ ಎರಡು ವರ್ಷ ತೀರಿಕೊಂಡವರ ಹೆಸರು, ಎಲ್ಲಿ ತೀರಿದ್ದು, ಎಲ್ಲಿ ನೋಂದಣಿ ಆದದ್ದು, ಯಾವ ಪಟ್ಟಿಗೆ ಸೇರಿದ್ದು ಅಂತ ಬರೆಯುತ್ತಾ ಹೋದೆವು. ಬ್ಯಾಂಕಿನಲ್ಲಿ ಕೆಲಸ ಮಾಡುವ ನಮಗೆ ಇದು ಅಭ್ಯಾಸದ ಕೆಲಸ. ನಮ್ಮ ಪುಸ್ತಕದಲ್ಲಿ ಒಂದು ಬಾಕಿ, ಇನ್ನೊಬ್ಬರ ಪುಸ್ತಕದಲ್ಲಿ ಇನ್ನೊಂದು ಬಾಕಿ ಇದ್ದರೆ ಎರಡನ್ನೂ ಪಕ್ಕ ಪಕ್ಕ ಇಟ್ಟು ತಾಳೆ ಹಾಕುವುದು. ತಾಳೆ ಆಗದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಇಡುವುದು. ಗಡಿನಾಡಿನವರು ಎಷ್ಟೋ ವಿಷಯದಲ್ಲಿ ಆ ಸಸ್ಪೆನ್ಸ್ ಖಾತೆಯವರೇ. ಇವತ್ತಿನ ಮಾತು ಅದರ ಬಗ್ಗೆ.

ಮೊದಲು 2020ನ್ನು ನೆನಪಿಸಿಕೊಳ್ಳಿ. ದೇಶದ ಮೊದಲ ಮೂರು ಕೇಸುಗಳಲ್ಲಿ ಮೂರನೆಯದ್ದು ನಮ್ಮ ಜಿಲ್ಲೆಯಲ್ಲಿ, ಫೆಬ್ರವರಿ 3ರಂದು, ವುಹಾನ್‌ನಿಂದ ಬಂದ ವಿದ್ಯಾರ್ಥಿಗೆ. ಮಾರ್ಚಿನಲ್ಲಿ ಗಲ್ಫಿನಿಂದ ಬಂದವರಿಂದಾಗಿ ಕಾಸರಗೋಡು ಅಂದರೆ ಟಿವಿಯವರಿಗೆ ಕೆಂಪು ಬಣ್ಣ. ಆಮೇಲೆ ಮೇ 10ಕ್ಕೆ ಕೊನೆಯ ರೋಗಿ ಗುಣವಾದಾಗ ಲೆಕ್ಕ ಹೀಗಿತ್ತು: ರೋಗಿಗಳು 178, ಸಾವು ಸೊನ್ನೆ. ನಿಜವಾಗಿ ದೊಡ್ಡ ಕೆಲಸ. ಆ ನರ್ಸುಗಳಿಗೆ, ಆಶಾ ಕಾರ್ಯಕರ್ತೆಯರಿಗೆ ನಾವು ಇವತ್ತಿಗೂ ಋಣಿ.

ಆದರೆ ಅದೇ ದಿನಗಳಲ್ಲಿ ಕರ್ನಾಟಕದ ಕಡೆಯಿಂದ ತಲಪಾಡಿಯಲ್ಲಿ ದಾರಿ ಮುಚ್ಚಿದ್ದರು. ಹೆದ್ದಾರಿ ಒಂದೇ ಅಲ್ಲ, ಒಳದಾರಿಗಳಿಗೂ ಮಣ್ಣು ಸುರಿದಿದ್ದರು. ನಮಗೆ ಹೃದಯದ ತೊಂದರೆಗೂ ಡಯಾಲಿಸಿಸ್‌ಗೂ ಹೆರಿಗೆಗೂ ಮಂಗಳೂರೇ ಗತಿ ಅಂತ ಎರಡೂ ರಾಜ್ಯದವರಿಗೂ ಗೊತ್ತಿತ್ತು. ಆಂಬುಲೆನ್ಸ್ ಗಡಿಯಿಂದ ಹಿಂದೆ ಬಂತು. ಹತ್ತಕ್ಕಿಂತ ಹೆಚ್ಚು ಮಂದಿ ಹಾಗೆ ಚಿಕಿತ್ಸೆ ಸಿಗದೆ ತೀರಿಕೊಂಡರು ಅಂತ ಪತ್ರಿಕೆಗಳು ಬರೆದವು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟ್ ದಾರಿ ತೆರೆಸಿ ಅಂತ ಕೇಂದ್ರಕ್ಕೆ ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲ್ 7ರ ಹೊತ್ತಿಗೆ ಕೋವಿಡ್ ಇಲ್ಲದ ರೋಗಿಗಳನ್ನು ಬಿಡುವ ಒಪ್ಪಂದ ಆಯಿತು. ತೀರಿಕೊಂಡವರಿಗೆ ಕೋವಿಡ್ ಇರಲಿಲ್ಲ. ಹಾಗಾಗಿ ನಮ್ಮ ಜಿಲ್ಲೆಯ ಸೊನ್ನೆ ಸೊನ್ನೆಯಾಗಿಯೇ ಉಳಿಯಿತು. ಕರ್ನಾಟಕದ ಲೆಕ್ಕಕ್ಕೆ ಅವರು ಸೇರುವುದೇ ಇಲ್ಲ, ಗಡಿ ದಾಟಲೇ ಇಲ್ಲವಲ್ಲ! ಕೋವಿಡ್ ಕಾಲದಲ್ಲಿ, ಕೋವಿಡ್ ಕಾರಣಕ್ಕೆ ಹಾಕಿದ ಮಣ್ಣಿನ ರಾಶಿಯ ಎದುರು ಜೀವ ಬಿಟ್ಟವರಿಗೆ ಯಾವ ಬುಲೆಟಿನ್‌ನಲ್ಲೂ ಕಾಲಂ ಇಲ್ಲ.

ಹೀಗಾದದ್ದು ನಮಗೆ ಮಾತ್ರ ಅಲ್ಲ. ಅದೇ ಏಪ್ರಿಲ್‌ನಲ್ಲಿ ಮಾಹೆಯ ಒಬ್ಬ ವೃದ್ಧರು ಕಣ್ಣೂರು ಜಿಲ್ಲೆಯ ಪರಿಯಾರಂನಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಮಾಹೆ ಸುತ್ತಲೂ ಕೇರಳ, ಆಡಳಿತ ಪುದುಚೇರಿಯದ್ದು. ಅವರು ಪುದುಚೇರಿಯವರು ಅಂತ ಕೇರಳ, ಸತ್ತದ್ದು ಕೇರಳದಲ್ಲಿ ಅಂತ ಪುದುಚೇರಿ. ಆಸ್ಪತ್ರೆಯೂ ಹೆಣವೂ ಎಲ್ಲ ಕಣ್ಣೆದುರು ಇದ್ದು, ಲೆಕ್ಕದಲ್ಲಿ ಮಾತ್ರ ಮನುಷ್ಯ ಇಲ್ಲ.

ಇಲ್ಲಿ ಒಂದು ಕಾನೂನು ತಿಳಿದಿರಬೇಕು. 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ ಸಾವು ಎಲ್ಲಿ ಆಯಿತೋ ಅಲ್ಲಿಯೇ ನೋಂದಣಿ. ಮನೆ ಮಂಜೇಶ್ವರದಲ್ಲಿರಲಿ, ಪೆರ್ಲದಲ್ಲಿರಲಿ, ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿದರೆ ನೋಂದಣಿ ಮಂಗಳೂರಿನಲ್ಲಿ. ಅಂದರೆ ದಕ್ಷಿಣ ಕನ್ನಡದಲ್ಲಿ ನೋಂದಣಿಯಾದ ಸಾವುಗಳಲ್ಲಿ ನಮ್ಮವರು ಇದ್ದಾರೆ, ಕಾಸರಗೋಡಿನ ಸಂಖ್ಯೆಯಲ್ಲಿ ಅವರು ಇಲ್ಲ. ನಮ್ಮ ಜಿಲ್ಲೆಯಲ್ಲಿ ಸಾವು ಕಡಿಮೆ ಅಂತ ಯಾರಾದರೂ ಗ್ರಾಫ್ ತೋರಿಸಿದರೆ ಆರೋಗ್ಯ ಚೆನ್ನಾಗಿದೆ ಅಂತ ಹಿಗ್ಗಬೇಡಿ. ನಮ್ಮಲ್ಲಿ ಆಸ್ಪತ್ರೆ ಇಲ್ಲ ಅಂತಲೂ ಅದರ ಅರ್ಥ ಇರಬಹುದು. ಜತ್ತದಿಂದ ವಿಜಯಪುರಕ್ಕೆ, ತಾಳವಾಡಿಯಿಂದ ಚಾಮರಾಜನಗರಕ್ಕೆ, ರಾಯದುರ್ಗದಿಂದ ಬಳ್ಳಾರಿಗೆ, ಹೊಸೂರಿನಿಂದ ಬೆಂಗಳೂರಿಗೆ ರೋಗಿಯನ್ನು ಕರಕೊಂಡು ಹೋಗುವ ನಮ್ಮವರಿಗೂ ಇದೇ ಕತೆ.

ಇನ್ನು ದಿನಾ ಸಂಜೆ ಬರುತ್ತಿದ್ದ ಸಂಖ್ಯೆ. ಅದು ಮಲಯಾಳದಲ್ಲಿ ಬರ್ತಿತ್ತು. ನಮ್ಮ ಹಿರಿಯರು ಅಕ್ಷರ ಕೂಡಿಸಿ ಓದಿದರೂ ಅರ್ಥ ಬೇರೆ ಆಗ್ತಿತ್ತು. ಮಲಯಾಳದಲ್ಲಿ ‘ನಿರೀಕ್ಷಣ’ ಅಂದರೆ ನಿಗಾ. ನಮಗೆ ನಿರೀಕ್ಷಣೆ ಅಂದರೆ ಕಾಯುವುದು. ಇಷ್ಟು ಸಾವಿರ ಜನ ‘ನಿರೀಕ್ಷಣ’ದಲ್ಲಿ ಅಂತ ಓದಿದ ನಮ್ಮ ಅಜ್ಜಿಯೊಬ್ಬರು, "ರೋಗ ಬರ್ಲಿ ಅಂತ ಯಾರಾದ್ರೂ ಕಾಯ್ತಾರಾ ಮಾರಾಯ್ರೇ" ಅಂದಿದ್ದರು. ನಗು ಬರ್ತದೆ. ಆದರೆ ಅದೇ ಅಜ್ಜಿ ನೆಗೆಟಿವ್ ಅಂತ ಬಂದ ದಿನ ಅತ್ತಿದ್ದರು, ನೆಗೆಟಿವ್ ಅಂದರೆ ಕೆಟ್ಟದ್ದು ಅಂತ ತಿಳಿದು. 1969ರ ಕೇರಳ ಅಧಿಕೃತ ಭಾಷಾ ಕಾನೂನಿನ ಪ್ರಕಾರ ಕನ್ನಡದಲ್ಲಿ ಸರಕಾರಕ್ಕೆ ಬರೆದು ಕನ್ನಡದಲ್ಲಿ ಉತ್ತರ ಪಡೆಯುವ ಹಕ್ಕು ನಮಗೆ ಉಂಟು. ರೋಗದ ಮಾಹಿತಿ ಕನ್ನಡದಲ್ಲಿ ಕೊಡಿ ಅಂತ ಕೇಳುವುದು ಭಾಷಾಭಿಮಾನದ ಹಠ ಅಂತ ಯಾರಾದರೂ ಹೇಳಿದರೆ ಈ ಅಜ್ಜಿಯ ಕತೆ ಹೇಳಿ.

2021ರ ಜೂನ್‌ನಲ್ಲಿ ಪಂಚಾಯತುಗಳನ್ನು ಎ, ಬಿ, ಸಿ, ಡಿ ಅಂತ ಮಾಡಿದರು. ಟೆಸ್ಟ್ ಮಾಡಿದವರಲ್ಲಿ ನೂರಕ್ಕೆ ಎಷ್ಟು ಪಾಸಿಟಿವ್, ಅದು ಟಿಪಿಆರ್. ಮೊದಲಿಗೆ 8ಕ್ಕಿಂತ ಕಡಿಮೆ ಎ, 20ರವರೆಗೆ ಬಿ, 30ರವರೆಗೆ ಸಿ, ಮೇಲೆ ಡಿ. ಈಗ ಲೆಕ್ಕ ಹಾಕಿ. ಒಂದು ಪಂಚಾಯತಿನಲ್ಲಿ 50 ಮಂದಿಗೆ ಟೆಸ್ಟ್, 12 ಪಾಸಿಟಿವ್. ಶೇಕಡಾ 24, ಸಿ ವರ್ಗ, ಅಂಗಡಿಗೆ ಬೀಗ. ಮುಂದಿನ ವಾರ ಆರೋಗ್ಯವಂತರನ್ನೂ ಕರೆದು 200 ಮಂದಿಗೆ ಟೆಸ್ಟ್, 14 ಪಾಸಿಟಿವ್. ಶೇಕಡಾ 7, ಎ ವರ್ಗ. ರೋಗಿಗಳು ಎರಡು ಜನ ಹೆಚ್ಚಾದರು, ಅಂಗಡಿ ತೆರೆಯಿತು! ಪಂಚಾಯತಿನವರು "ಟೆಸ್ಟಿಗೆ ಬನ್ನಿ, ಬನ್ನಿ" ಅಂತ ಮೈಕ್ ಕಟ್ಟಿ ಕರೆದದ್ದು ಯಾಕೆ ಅಂತ ಈಗ ಅರ್ಥ ಆಯ್ತಲ್ಲ. ತಪ್ಪು ಅನ್ನುವುದಿಲ್ಲ, ಟೆಸ್ಟ್ ಹೆಚ್ಚಾದದ್ದು ಒಳ್ಳೆಯದೇ. ಆದರೆ ಕೆಳಗಿನ ಭಾಜಕ ಬದಲಾದರೆ ಮೇಲಿನ ಕತೆಯೇ ಬದಲಾಗ್ತದೆ. ಆಗಸ್ಟಿನಲ್ಲಿ ಇದನ್ನು ಬಿಟ್ಟು ಜನಸಂಖ್ಯೆ ಮೇಲೆ ಲೆಕ್ಕ ತಂದರು, ವಾರಕ್ಕೆ 1000 ಜನರಲ್ಲಿ 10ಕ್ಕಿಂತ ಹೆಚ್ಚು ಕೇಸ್ ಇದ್ದರೆ ಬಿಗಿ ನಿರ್ಬಂಧ ಅಂತ. ನಮಗೆ ಇದು ಹೆಚ್ಚು ಸರಿ ಕಂಡಿತು.

ಅದೇ ಆಗಸ್ಟಿನಲ್ಲಿ ನಮ್ಮ ಮಕ್ಕಳು ತಲಪಾಡಿಯಲ್ಲಿ ಬಿಸಿಲಿಗೆ ನಿಂತರು. ಲಸಿಕೆ ಹಾಕಿದ್ದರೂ ಕೇರಳದಿಂದ ಬರುವವರಿಗೆ ಆರ್‌ಟಿಪಿಸಿಆರ್ ನೆಗೆಟಿವ್ ಪತ್ರ ಬೇಕು ಅಂತ ಕರ್ನಾಟಕದ ಆದೇಶ. ಕಾರಣ ಸಂಖ್ಯೆ. ಆಗಸ್ಟ್ 25ಕ್ಕೆ ಕೇರಳದಲ್ಲಿ ಒಂದೇ ದಿನ 31,445 ಕೇಸ್, ದೇಶದ ಒಟ್ಟು ಕೇಸಿನ ಅರ್ಧಕ್ಕಿಂತ ಹೆಚ್ಚು. ಕೇರಳ ಮುಳುಗಿತು ಅಂತ ವಾಟ್ಸಾಪ್ ತುಂಬ.

ಆದರೆ ಅದರ ಪಕ್ಕ ಇನ್ನೊಂದು ಸಂಖ್ಯೆ ಇಡಬೇಕಿತ್ತು. ಐಸಿಎಂಆರ್‌ನವರು ಅದೇ ಜೂನ್-ಜುಲೈಯಲ್ಲಿ ರಕ್ತ ಪರೀಕ್ಷೆ ಮಾಡಿ ಎಷ್ಟು ಜನರಲ್ಲಿ ಪ್ರತಿಕಾಯ ಉಂಟು ಅಂತ ನೋಡಿದ್ದರು. ದೇಶದಲ್ಲಿ ಶೇಕಡಾ 67.6, ಕರ್ನಾಟಕದಲ್ಲಿ 69.8, ಮಧ್ಯಪ್ರದೇಶದಲ್ಲಿ 79, ಕೇರಳದಲ್ಲಿ 44.4. ಅಂದರೆ ಬೇರೆ ಕಡೆ ಹೆಚ್ಚಿನವರಿಗೆ ಅದು ಬಂದು ಹೋಗಿತ್ತು, ಟೆಸ್ಟ್ ಇಲ್ಲದೆ, ಲೆಕ್ಕಕ್ಕೆ ಸಿಗದೆ. ಕೇರಳದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇನ್ನೂ ರೋಗದಿಂದಲೂ ಲಸಿಕೆಯಿಂದಲೂ ಪ್ರತಿಕಾಯ ಪಡೆದಿರಲಿಲ್ಲ, ಬಂದವರನ್ನು ಹುಡುಕಿ ಬರೆಯುತ್ತಿದ್ದರು. ಸಾಲ ಇರುವವನು ಪುಸ್ತಕದಲ್ಲಿ ಬರೆದಿಟ್ಟರೆ ಸಾಲಗಾರ, ಬರೆಯದವನು ಸಾಹುಕಾರ ಅಂದ ಹಾಗಾಯಿತು.

ಹಾಗಂತ ನಾವು ಕೇರಳ ಸರಕಾರದ ವಕಾಲತ್ತು ವಹಿಸಲಿಕ್ಕೆ ಬಂದದ್ದಲ್ಲ. ಕೇಸ್ ಬರೆಯುವುದರಲ್ಲಿ ಇದ್ದ ಧಾರಾಳ ಸಾವು ಬರೆಯುವುದರಲ್ಲಿ ಇರಲಿಲ್ಲ. 2021ರ ಜೂನ್‌ವರೆಗೆ ಯಾವುದು ಕೋವಿಡ್ ಸಾವು ಅಂತ ತೀರ್ಮಾನ ಆಗುತ್ತಿದ್ದದ್ದು ತಿರುವನಂತಪುರದಲ್ಲಿ. ಸುಪ್ರೀಂ ಕೋರ್ಟ್ ಪರಿಹಾರದ ಬಗ್ಗೆ ಕಟ್ಟುನಿಟ್ಟಾಗಿ ಹೇಳಿದ ಮೇಲೆ, ಅಕ್ಟೋಬರ್‌ನಿಂದ ಬಿಟ್ಟುಹೋದ ಹೆಸರುಗಳು ಸಾವಿರ ಸಾವಿರವಾಗಿ ಸೇರಿದವು. ದಿನದ ಪಟ್ಟಿಯಲ್ಲಿ ‘ಹಿಂದಿನ ಸಾವು’ ಅಂತ ಬರ್ತಿದ್ದದ್ದು ಅದು. ಸಂಖ್ಯೆ ನೋಡಿ ಆಗ ಮತ್ತೆ ಹೆದರಿದವರು ಉಂಟು, ಸತ್ತದ್ದು ತಿಂಗಳುಗಳ ಹಿಂದೆ, ಬರೆದದ್ದು ಅವತ್ತು ಅಂತ ಯಾರೂ ಕನ್ನಡದಲ್ಲಿ ಹೇಳಲಿಲ್ಲ.

ಈಗ ನೋಟ್‌ಬುಕ್ಕಿಗೆ ಬರುತ್ತೇವೆ. ಹೆಸರು ಹೇಳುವುದಿಲ್ಲ, ಮನೆಯವರು ಇಲ್ಲಿ ಇದ್ದಾರೆ. ನಮ್ಮ ವಾರ್ಡಿನ ಒಬ್ಬರು, ವಯಸ್ಸು ಐವತ್ತರ ಒಳಗೆ, ಟೆಸ್ಟ್ ಪಾಸಿಟಿವ್ ಆದದ್ದು ಗಡಿಯ ಈಚೆ, ತೀರಿದ್ದು ಗಡಿಯ ಆಚೆ. ಪರಿಹಾರ 50,000 ರೂಪಾಯಿ. ಪಾಸಿಟಿವ್ ಆಗಿ 30 ದಿನದೊಳಗೆ ತೀರಿದರೆ, ಆಸ್ಪತ್ರೆಯ ಹೊರಗಾದರೂ ಕೋವಿಡ್ ಸಾವು ಅಂತ ನಿಯಮ. ಸರಳ ಅಲ್ವಾ? ಆಚೆ ಕಚೇರಿಯಲ್ಲಿ "ವಿಳಾಸ ನಮ್ಮದಲ್ಲ" ಅಂದರು. ಈಚೆ ಕಚೇರಿಯಲ್ಲಿ "ಸಾವು ನಮ್ಮಲ್ಲಿ ಆದದ್ದಲ್ಲ" ಅಂದರು. ಮರಣ ಪತ್ರದಲ್ಲಿ ಕಾರಣ ಬರೆದಿರುವುದಿಲ್ಲ, ನಮಗೆ ಸಿಗುವ ಪ್ರತಿಯಲ್ಲಿ ಅದನ್ನು ಹಾಕಬಾರದು ಅಂತಲೇ ಕಾನೂನು. ಆಸ್ಪತ್ರೆಯ ಕಾಗದ ಮನೆಯವರು ಸುಟ್ಟಿದ್ದರು, ಸೋಂಕಿನ ಹೆದರಿಕೆಗೆ. ಅಷ್ಟರಲ್ಲಿ ಕೋರ್ಟ್ ಗಡುವು ಹಾಕಿತು, ಹಳೆಯ ಸಾವುಗಳಿಗೆ 2022ರ ಮಾರ್ಚ್ 24ರಿಂದ 60 ದಿನ. ಅದೂ ದಾಟಿತು.

ಇಲ್ಲಿ ನಮ್ಮ ತಪ್ಪೂ ಉಂಟು. ಅವರ ಹೆಂಡತಿ ಖಾತೆಯ ಹಣಕ್ಕೆ ಅಂತ ಮರಣ ಪತ್ರ ಹಿಡಿದು ನಮ್ಮ ಕೌಂಟರಿಗೇ ಬಂದಿದ್ದರು. ಪತ್ರ ನೋಡಿದೆವು, ಸೀಲ್ ಹಾಕಿದೆವು, ನಾಮಿನಿಗೆ ಹಣ ಕೊಟ್ಟೆವು. ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ ಮೇ ಕೊನೆಗೆ 330 ರೂಪಾಯಿ ಕಡಿತ ಇತ್ತು. ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ, ಎರಡು ಲಕ್ಷ, ಕೋವಿಡ್‌ಗೂ ಅನ್ವಯ. ಅವತ್ತು ಸಾಲು ಉದ್ದ ಇತ್ತು, ನಾವು ಆ ಗೆರೆ ನೋಡಲಿಲ್ಲ. ಅವರಿಗೆ ಗೊತ್ತಿರಲಿಲ್ಲ, ಎಸ್‌ಎಂಎಸ್ ಬಂದದ್ದು ಇಂಗ್ಲಿಷಿನಲ್ಲಿ, ಗಂಡನ ಫೋನಿಗೆ. ಆ ಗೆರೆ ಕಂಡದ್ದು ಈ ನೋಟ್‌ಬುಕ್ ಬರೆಯುವಾಗ.

ಆ ಕ್ಲೇಮ್ ಈಗ ತಡವಾಗಿ ಹಾಕಿಸಿದ್ದೇವೆ, ಕಾರಣ ಬರೆದು. ಉತ್ತರ ಬಂದಿಲ್ಲ. ಪರಿಹಾರಕ್ಕೂ ಜಿಲ್ಲೆಯ ದೂರು ಸಮಿತಿಗೆ ಕನ್ನಡದಲ್ಲೇ ಅರ್ಜಿ ಬರೆದಿದ್ದೇವೆ, ಗಡುವು ದಾಟಿದರೂ ತೀರಾ ಕಷ್ಟದಲ್ಲಿರುವವರು ಸಮಿತಿಯನ್ನು ಕೇಳಬಹುದು ಅಂತ ಅದೇ ಕೋರ್ಟ್ ಆದೇಶದಲ್ಲಿ ಉಂಟು.

ನಮ್ಮ ವಾರ್ಡಿನ ಪಟ್ಟಿಯಲ್ಲಿ ಇನ್ನೂ ಮೂರು ಹೆಸರಿನ ಎದುರು ಪ್ರಶ್ನೆ ಚಿಹ್ನೆ ಉಂಟು. ಬೇರೆ ವಾರ್ಡಿನವರು ನಿಮ್ಮ ನಿಮ್ಮ ಪಟ್ಟಿ ಶುರು ಮಾಡಿ. ಅಕ್ಕಲಕೋಟೆಯಲ್ಲಿ, ಮಡಕಶಿರಾದಲ್ಲಿ ಇದನ್ನು ಓದುತ್ತಿರುವವರೂ ಮಾಡಬಹುದು, ಎರಡು ಗೆರೆಯ ಪುಸ್ತಕ ಸಾಕು. ತೀರಿಕೊಂಡವರ ಖಾತೆ ಹಾಗೆಯೇ ಬಿಟ್ಟಿದ್ದರೆ ಹತ್ತು ವರ್ಷ ಆದ ಮೇಲೆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗ್ತದೆ. ಆಮೇಲೂ ವಾಪಸ್ ಸಿಗ್ತದೆ, ಓಡಾಟ ಮಾತ್ರ ಹೆಚ್ಚು. ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಲ್ಲಿಯೇ ಕೂರುತ್ತೇವೆ. ಬರುವಾಗ ಮರಣ ಪತ್ರ, ಟೆಸ್ಟಿನ ಎಸ್‌ಎಂಎಸ್ ಉಳಿದಿದ್ದರೆ ಆ ಫೋನ್, ಮತ್ತೆ ಹಳೆಯ ಪಾಸ್‌ಬುಕ್ ತನ್ನಿ. ಹೊಸ ಪಾಸ್‌ಬುಕ್ ಅಲ್ಲ, 2021ರ ಮೇ ತಿಂಗಳ ಪುಟ ಇರುವ ಹಳೆಯದ್ದು.