ಕಲ್ಲುನೆಲದ ಒಡತಿ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟಿದ್ದ ರೈತ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣ)



ಶತಮಾನೋತ್ಸವವೆಂದರೆ ಹಿಂದಿನವರನ್ನು ನೆನೆಯುವ ಸಮಯ. ಇಂತಹ ಸಭೆಗಳಲ್ಲಿ ಕಟ್ಟಡ ಕಟ್ಟಿದವರ ಹೆಸರನ್ನು ಹೇಳುತ್ತೇವೆ, ದಾನ ಕೊಟ್ಟವರ ಹೆಸರನ್ನು ಹೇಳುತ್ತೇವೆ. ಹೊಲವನ್ನು ಕಟ್ಟಿದವರ ಹೆಸರನ್ನು ಹೇಳುವ ವಾಡಿಕೆ ನಮ್ಮಲ್ಲಿಲ್ಲ. ಅವರಲ್ಲಿಯೂ ಹೆಂಗಸರ ಹೆಸರಂತೂ ಎಲ್ಲಿಯೂ ಕೇಳಿಬರುವುದಿಲ್ಲ. ಆದ್ದರಿಂದ ಇಂದು ನಮ್ಮ ಸೀಮೆಯ ಒಬ್ಬ ರೈತಮಹಿಳೆಯ ಹಾಗೂ ಆಕೆಯ ಮನೆತನದ ವಿಷಯವನ್ನು ತಮ್ಮ ಮುಂದೆ ಇಡಬೇಕೆಂದು ಬಯಸಿದ್ದೇನೆ.

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಈ ನಾಡು ಎರಡು ಹೊಳೆಗಳ ನಡುವಿದ್ದೂ ನೀರಿಗಾಗಿ ಬಾಯಿಬಿಟ್ಟ ನಾಡು. ಎರೆಭೂಮಿಯಲ್ಲಿ ಹಿಂಗಾರಿ ಜೋಳ, ಮಸಾರಿಯಲ್ಲಿ ಸಜ್ಜೆ, ತೊಗರಿ. ಮಳೆ ಬಂದರೆ ಬೆಳೆ, ಬಾರದಿದ್ದರೆ ಗುಳೆ. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಕಾಲುವೆಗೆ ಹರಿಯಲು ಮೊದಲಾದಾಗ ಈ ಸೀಮೆಯ ಚಹರೆ ಬದಲಾಯಿತು. ಕರಾವಳಿ ಆಂಧ್ರದಿಂದ ಒಕ್ಕಲು ಮನೆತನಗಳು ಬಂದು ಕಾಲುವೆಯ ಬದಿಯಲ್ಲಿ ಕ್ಯಾಂಪುಗಳನ್ನು ಕಟ್ಟಿಕೊಂಡವು. ಎಡದಂಡೆ ಕಾಲುವೆಯ ನೀರು ಮುಖ್ಯವಾಗಿ ಜೋಳ, ಹತ್ತಿ, ಶೇಂಗಾಗಳಂತಹ ಅರೆ ನೀರಾವರಿ ಬೆಳೆಗಳಿಗೆಂದು ಯೋಜಿತವಾಗಿತ್ತು. ಮೇಲ್ಭಾಗದಲ್ಲಿ ಭತ್ತದ ಗದ್ದೆಗಳು ಹಬ್ಬಿದ್ದರಿಂದ ಕೆಳಭಾಗದ ಮಾನ್ವಿ, ರಾಯಚೂರು ತಾಲೂಕುಗಳ ರೈತರು ನೀರಿಗಾಗಿ ಕಾಯುವಂತಾಯಿತು. ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದದ್ದು ಇನ್ನೂ ತಡವಾಗಿ. ನೀರು ತಲುಪದ ಊರುಗಳಿಂದ ಇಂದಿಗೂ ಜನ ಮಕ್ಕಳುಮರಿ ಕಟ್ಟಿಕೊಂಡು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ.

ಈ ಎಲ್ಲ ಬದಲಾವಣೆಗಳಲ್ಲಿ ಬದಲಾಗದೆ ಉಳಿದದ್ದು ಒಂದೇ. ಭತ್ತದ ಸಸಿಯನ್ನು ಬಾಗಿ ನಾಟಿ ಮಾಡುವವಳು ಹೆಣ್ಣು. ಹತ್ತಿ ಬಿಡಿಸುವವಳು ಹೆಣ್ಣು. ಕಳೆ ತೆಗೆಯುವವಳು, ಬುತ್ತಿ ಕಟ್ಟುವವಳು, ಬೀಜದ ಕಾಳನ್ನು ಬೂದಿ ಬೆರೆಸಿ ಗಡಿಗೆಯಲ್ಲಿ ಕಾದಿಡುವವಳು ಹೆಣ್ಣು. ಆದರೂ ಮನೆಭೇಟಿಗೆ ಹೋದಾಗ "ಈ ಮನೆಯಲ್ಲಿ ರೈತರು ಯಾರು?" ಎಂದು ಕೇಳಿದರೆ ಆಕೆಯೇ ಗಂಡನ ಕಡೆಗೆ ಕೈ ತೋರಿಸುತ್ತಾಳೆ. "ತಾವೇನು ಮಾಡುತ್ತೀರಿ ತಾಯಿ?" ಎಂದರೆ "ಮನೆಯಲ್ಲೇ ಇರ್ತೀನ್ರಿ" ಎನ್ನುತ್ತಾಳೆ. ಬೆಳಗಿನಿಂದ ಸಂಜೆಯವರೆಗೆ ಹೊಲದಲ್ಲಿ ದುಡಿದ ಹೆಣ್ಣು ತಾನು ಮನೆಯಲ್ಲೇ ಇರುತ್ತೇನೆ ಎನ್ನುವುದು ಎಷ್ಟು ವಿಚಿತ್ರ ಎಂಬುದನ್ನು ತಾವೇ ಆಲೋಚಿಸಿರಿ.

ಈಗ ನಾನು ಹೇಳಹೊರಟ ಮಹಿಳೆಯ ವಿಷಯಕ್ಕೆ ಬರುತ್ತೇನೆ. ಮೊದಲು ಮಾನ್ವಿ ತಾಲೂಕಿನಲ್ಲಿದ್ದು ಈಗ ಸಿರವಾರ ತಾಲೂಕಿಗೆ ಸೇರಿರುವ ಕವಿತಾಳ ಗ್ರಾಮದ ಶ್ರೀಮತಿ ಕವಿತಾ ಮಿಶ್ರಾ ಅವರ ಹೆಸರನ್ನು ತಮ್ಮಲ್ಲಿ ಅನೇಕರು ಕೇಳಿರಬಹುದು. ಕಂಪ್ಯೂಟರ್ ವಿಷಯದಲ್ಲಿ ಡಿಪ್ಲೊಮಾ ಪಡೆದವರು, ಮನಃಶಾಸ್ತ್ರದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಿದವರು. ಒಕ್ಕಲುತನದ ಮನೆಗೆ ಸೊಸೆಯಾಗಿ ಬಂದರು. ದೊಡ್ಡ ಕಂಪನಿಯೊಂದರಲ್ಲಿ ನೌಕರಿಯ ಅವಕಾಶ ಒದಗಿತ್ತು. ಹೋಗಬೇಕೆಂಬ ಆಸೆಯೂ ಅವರಿಗಿತ್ತು. ಪತಿ ಉಮಾಶಂಕರ ಅವರು ನೌಕರಿಗೆ ಒಪ್ಪಲಿಲ್ಲ, ಬೇಸಾಯವನ್ನೇ ಮಾಡೆಂದರು. ಹಾಗೆ ಅವರ ಪಾಲಿಗೆ ಬಂದದ್ದು 8 ಎಕರೆ 10 ಗುಂಟೆ ಜಮೀನು. ಅದೂ ಕಲ್ಲು ತುಂಬಿದ ಬರಡು ನೆಲ.

ಇಲ್ಲಿ ಸ್ವಲ್ಪ ನಿಲ್ಲೋಣ. ಓದಿದ ಹೆಣ್ಣುಮಗಳೊಬ್ಬಳ ಆಸೆಗೆ ಮನೆ ಅಡ್ಡಬಂದಿತೆಂಬುದು ನಿಜ. ಅದನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಓದಿದ ಸೊಸೆಯ ನೌಕರಿಯನ್ನು ತಪ್ಪಿಸಿದ ಮನೆಗಳು ನಮ್ಮಲ್ಲಿ ಅನೇಕವಿವೆ. ಬಹಳ ಮನೆಗಳಲ್ಲಿ ಕಥೆ ಅಲ್ಲಿಗೇ ಮುಗಿಯುತ್ತದೆ, ಆ ಓದು ಪೆಟ್ಟಿಗೆಯ ತಳ ಸೇರುತ್ತದೆ. ಈ ಮನೆಯಲ್ಲಿ ಹಾಗಾಗಲಿಲ್ಲ. ಒಂದು ಬಾಗಿಲು ಮುಚ್ಚಿದ ಮನೆ, ನೆಲವನ್ನು ಆಕೆಯ ಕೈಗೆ ಕೊಟ್ಟಿತು. ಅಲ್ಲಿ ಏನು ನೆಡಬೇಕು, ಏನನ್ನು ಬಿಡಬೇಕು ಎಂಬ ತೀರ್ಮಾನವೂ ಆಕೆಯದೇ ಆಯಿತು.

ಅವರು ಮೊದಲು ಕೈಹಾಕಿದ್ದು ದಾಳಿಂಬೆಗೆ. ಆರಂಭದಲ್ಲಿ ಫಲ ಚೆನ್ನಾಗಿಯೇ ಬಂದಿತು. ಅನಂತರ ದುಂಡಾಣು ಅಂಗಮಾರಿ ರೋಗ ತಗುಲಿತು. ಉತ್ತರ ಕರ್ನಾಟಕದ ದಾಳಿಂಬೆ ಬೆಳೆಗಾರರಿಗೆ ಈ ರೋಗದ ಪರಿಚಯ ಮಾಡಿಕೊಡಬೇಕಾಗಿಲ್ಲ. ಎಲೆಯ ಮೇಲೆ ಎಣ್ಣೆಯ ಕಲೆಯಂತಹ ಮಚ್ಚೆ, ಕಾಯಿಯ ಮೇಲೆ ಕಪ್ಪು ಸೀಳು. ಮಳೆಹನಿ ಮತ್ತು ಗಾಳಿಯೊಡನೆ ಗಿಡದಿಂದ ಗಿಡಕ್ಕೆ ಹಬ್ಬಿ ಕಣ್ಣೆದುರಿಗೇ ತೋಟವನ್ನು ಹಾಳುಮಾಡುವ ರೋಗ ಅದು. ಸಾಲಮಾಡಿ ದಾಳಿಂಬೆ ಹಚ್ಚಿದ ಎಷ್ಟೋ ಮನೆಗಳು ಅದರಿಂದ ಕುಸಿದವು. ಕವಿತಾ ಅವರೂ ನಷ್ಟ ಅನುಭವಿಸಿದರು.

ಗಂಡಸಿನ ಬೆಳೆ ಹಾಳಾದರೆ "ಈ ವರ್ಷ ಕೈಕೊಟ್ಟಿತು" ಎನ್ನುತ್ತೇವೆ. ಹೆಂಗಸಿನ ಬೆಳೆ ಹಾಳಾದರೆ "ಹೆಂಗಸರ ಕೈಗೆ ಕೊಟ್ಟರೆ ಇಷ್ಟೇ" ಎನ್ನುತ್ತೇವೆ. ಒಂದು ಸೋಲು ಸಾಕು, ಹೊಲದ ಕಾರುಬಾರು ಮರಳಿ ಗಂಡಸರ ಕೈ ಸೇರುತ್ತದೆ. ಕವಿತಾಳದಲ್ಲಿ ಹಾಗಾಗಿದ್ದರೆ ಇಂದು ಹೇಳಲು ನಮ್ಮ ಬಳಿ ಕಥೆಯೇ ಇರುತ್ತಿರಲಿಲ್ಲ. ಸೋತ ಮೇಲೂ ಆಕೆ ಹೊಲವನ್ನು ಬಿಡಲಿಲ್ಲ. ಸೋಲಿನಿಂದ ಆಕೆ ಕಲಿತ ಪಾಠ, ಒಂದೇ ಬೆಳೆಯನ್ನು ನಂಬಿ ಕೂಡಬಾರದು ಎಂಬುದು.

ಮುಂದೆ ಅವರು ಅದೇ ನೆಲದಲ್ಲಿ ಶ್ರೀಗಂಧ ನೆಟ್ಟರು. ಇಂದು ಅಲ್ಲಿ 2,000ಕ್ಕೂ ಹೆಚ್ಚು ಶ್ರೀಗಂಧದ ಗಿಡಗಳನ್ನು ಬೆಳೆಸಿದ ಕೀರ್ತಿ ಅವರದು. ಜೊತೆಯಲ್ಲಿ ಮಾವು, ಪೇರಲ, ಸೀತಾಫಲ, ನೆಲ್ಲಿ, ನೇರಳೆ, ನುಗ್ಗೆ, ಕರಿಬೇವು, ತೆಂಗು ಮೊದಲಾದವುಗಳನ್ನು ಹಚ್ಚಿದರು. ಶ್ರೀಗಂಧದ ತಿರುಳು ಬಲಿಯಲು 12ರಿಂದ 15 ವರ್ಷಗಳಾದರೂ ಬೇಕು. ಅಲ್ಲಿಯವರೆಗೆ ಮನೆಯ ಒಲೆ ಉರಿಯಬೇಕಲ್ಲವೇ? ಒಂದು ತಿಂಗಳು ಒಂದು ಹಣ್ಣು, ಮತ್ತೊಂದು ತಿಂಗಳು ಇನ್ನೊಂದು, ನಡುವೆ ನುಗ್ಗೆ, ಕರಿಬೇವು. ಹೀಗೆ ವರ್ಷವಿಡೀ ಕೈಗೆ ಅಷ್ಟಿಷ್ಟು ಬರುವಂತೆ ಹೊಂದಿಸಿದರು. ಸಂತೆಯಿಂದ ಸಂತೆಗೆ ಸಂಸಾರವನ್ನು ಸರಿದೂಗಿಸುವ ಹೆಂಗಸಿನ ಲೆಕ್ಕಾಚಾರವೇ ಅಲ್ಲಿ ಹೊಲಕ್ಕೆ ಇಳಿದಂತಿದೆ.

ಶ್ರೀಗಂಧದ ವಿಷಯದಲ್ಲಿ ತಿಳಿಯಬೇಕಾದ ಒಂದು ಸಂಗತಿಯಿದೆ. ಆ ಗಿಡ ಒಂಟಿಯಾಗಿ ಬೆಳೆಯಲಾರದು. ಅದರ ಬೇರು ಮಣ್ಣಿನೊಳಗೆ ನೆರೆಯ ಗಿಡದ ಬೇರನ್ನು ಹಿಡಿದು ನೀರು, ಸತ್ವಗಳನ್ನು ಅಲ್ಲಿಂದಲೂ ಪಡೆಯುತ್ತದೆ. ಆದ್ದರಿಂದ ಅದರ ಬಗಲಿಗೆ ಆಸರೆಯ ಗಿಡ ಇರಲೇಬೇಕು. ಎಳೆಯ ಸಸಿಗೆ ನಮ್ಮ ಹೊಲದ ತೊಗರಿಯೂ ಆಸರೆಯಾಗಬಲ್ಲದು. ಇದನ್ನು ತಿಳಿಯದೆ ಬರಿಯ ಗಂಧವನ್ನೇ ನೆಟ್ಟವರು ಮೋಸಹೋಗಿದ್ದಾರೆ.

ಇನ್ನೊಂದು ಸಂಗತಿ ಕಾನೂನಿಗೆ ಸಂಬಂಧಿಸಿದ್ದು. ಟಿಪ್ಪುವಿನ ಆಳ್ವಿಕೆಯ ಕಾಲದಿಂದ ಮೈಸೂರು ಸೀಮೆಯಲ್ಲಿ ಶ್ರೀಗಂಧವು ಸರಕಾರದ ಸೊತ್ತಾಗಿತ್ತು. ರೈತನ ಹೊಲದಲ್ಲಿ ಬೆಳೆದರೂ ಮರ ಆತನದಾಗಿರಲಿಲ್ಲ. ತನ್ನದಲ್ಲದ ಮರವನ್ನು ಯಾರು ಜೋಪಾನ ಮಾಡುತ್ತಾರೆ? ಹೊಲದಲ್ಲಿ ಗಂಧದ ಸಸಿ ತಾನಾಗಿ ಹುಟ್ಟಿದರೂ ಉಪದ್ರವವೆಂದು ಕಿತ್ತೊಗೆದವರುಂಟು. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಬೆಳೆದವರೇ ಮರದ ಒಡೆಯರೆಂದಾಯಿತು. ಅನಂತರವೇ ರೈತರು ಧೈರ್ಯದಿಂದ ಅದನ್ನು ನೆಡತೊಡಗಿದರು.

ಪ್ರಿಯ ಬಂಧುಗಳೇ, ನಾನು ಇಂದು ಹೇಳಬೇಕೆಂದಿರುವುದೂ ಇದನ್ನೇ. ಮರಕ್ಕೆ ಯಾವ ನ್ಯಾಯವೋ ಹೊಲಕ್ಕೂ ಅದೇ ನ್ಯಾಯ. ದುಡಿದವರಿಗೆ ಒಡೆತನ ಬಂದಾಗ ಮರ ಉಳಿಯಿತು. ಆದರೆ ಹೊಲದಲ್ಲಿ ದುಡಿಯುವ ಹೆಣ್ಣಿಗೆ ಆ ಒಡೆತನವನ್ನು ನಾವು ಕೊಟ್ಟಿದ್ದೇವೆಯೇ? ತಮ್ಮ ಮನೆಯ ಪಹಣಿಯನ್ನು ತೆಗೆದು ನೋಡಿರಿ. 9ನೆಯ ಕಾಲಂನಲ್ಲಿ ಸ್ವಾಧೀನದಾರರ ಹೆಸರಿರುತ್ತದೆ. ಎಷ್ಟು ಮನೆಗಳಲ್ಲಿ ಅಲ್ಲಿ ಹೆಣ್ಣಿನ ಹೆಸರಿದೆ? 2015-16ರ ಕೃಷಿ ಗಣತಿಯ ಪ್ರಕಾರ ಇಡೀ ದೇಶದಲ್ಲಿ ಹೆಂಗಸರು ನಡೆಸುವ ಹಿಡುವಳಿಗಳು 100ಕ್ಕೆ ಸುಮಾರು 14 ಮಾತ್ರ.

ಇದು ಬರಿಯ ಗೌರವದ ಪ್ರಶ್ನೆಯಲ್ಲ. ಬೆಳೆಸಾಲ, ಬೆಳೆವಿಮೆ, ಬರ ಪರಿಹಾರ ಎಲ್ಲವೂ ಪಹಣಿಯಲ್ಲಿರುವ ಹೆಸರನ್ನು ನೋಡಿಯೇ ಬರುತ್ತವೆ. ಗಂಡ ಗುಳೆ ಹೋಗಿ ಹೆಂಡತಿಯೇ ಹೊಲ ನೋಡಿಕೊಳ್ಳುವ ಮನೆಗಳು ದೇವದುರ್ಗದ ಕಡೆಗೆ ಇವೆ. ಬೀಜ ಗೊಬ್ಬರಕ್ಕೆ ಸಾಲ ಬೇಕಾದರೆ ಆಕೆ ಯಾರ ಹೆಸರು ಹೇಳಬೇಕು? ಗಂಡ ತೀರಿಕೊಂಡರಂತೂ, ದುಃಖ ಆರುವ ಮುನ್ನವೇ ಆಕೆ ವಾರಸಾ ಕಾಗದಗಳನ್ನು ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯಬೇಕು.

ಕಾನೂನು ನಮ್ಮ ಹೆಣ್ಣುಮಕ್ಕಳನ್ನು ಮರೆತಿಲ್ಲ. ಹಿಂದೂ ಕುಟುಂಬಗಳ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಂತೆ ಪಾಲು ಎಂದು ಕರ್ನಾಟಕವು 1994ರಲ್ಲಿಯೇ ತಿದ್ದುಪಡಿ ಮಾಡಿತು. 2005ರಲ್ಲಿ ಇಡೀ ದೇಶಕ್ಕೆ ಅದು ಅನ್ವಯವಾಯಿತು. ನಮ್ಮ ಕ್ರೈಸ್ತ ಕುಟುಂಬಗಳಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಿದೆ. ಉಯಿಲು ಬರೆಯದೆ ತೀರಿಕೊಂಡವನಿಗೆ ಮಕ್ಕಳಿದ್ದರೆ, ವಿಧವೆಗೆ ಮೂರರಲ್ಲಿ ಒಂದು ಪಾಲು, ಉಳಿದದ್ದು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮನಾಗಿ. ಮರೆತಿರುವವರು ನಾವು. ಅಣ್ಣನ ಮನೆಗೆ ಕರೆದು, ಉಡಿ ತುಂಬಿ, ಸೀರೆ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ತಂಗಿಯ ಹೆಬ್ಬೆರಳು ಒತ್ತಿಸಿಕೊಳ್ಳುವುದು ನಮ್ಮಲ್ಲಿ ಹೊಸದೇನಲ್ಲ. ತವರಿನ ನಂಟು ಕಡಿದೀತೆಂಬ ಅಂಜಿಕೆಯಿಂದ ಆಕೆ ಒತ್ತುತ್ತಾಳೆ. ಅದನ್ನು ಆಕೆಯ ಸಂತೋಷದ ಒಪ್ಪಿಗೆ ಎಂದು ನಾವು ತಿಳಿಯಬಾರದು.

"ಸ್ವಾಮಿ, ಅವರಿಗೆ 8 ಎಕರೆಯಿತ್ತು, ನಮಗಿರುವುದು ಒಂದೂವರೆ ಎಕರೆ" ಎಂದು ತಾವು ಹೇಳಬಹುದು. ಮಾತು ನ್ಯಾಯವಾದದ್ದು. ಎಲ್ಲರೂ ಗಂಧ ನೆಡಿರೆಂದು ನಾನು ಹೇಳಲಾರೆ. ಗಂಧಕ್ಕೆ ವರ್ಷಗಟ್ಟಲೆ ಕಾಯಬೇಕು, ಕಳ್ಳರಿಂದ ಹಗಲಿರುಳು ಕಾಪಾಡಬೇಕು. ಎರಡು ಹೊತ್ತಿನ ಊಟಕ್ಕೆ ಪರದಾಡುವ ಮನೆಗೆ ಅದು ಹೊಂದುವ ಬೆಳೆಯಲ್ಲ. ಆದರೆ ಬದುವಿನ ಮೇಲೆ ನಾಲ್ಕು ನುಗ್ಗೆ, ಎರಡು ಪೇರಲ, ಒಂದು ಕರಿಬೇವು ನೆಡಲು ಒಂದೂವರೆ ಎಕರೆಯೂ ಸಾಕು. ಪೂರ್ತಿ ಹೊಲಕ್ಕೆ ಹತ್ತಿಯನ್ನೊಂದೇ ಹಾಕಿ ಮುಗಿಲು ನೋಡುವ ಬದಲು, ಒಂದು ಬದಿಗೆ ಮನೆಯ ಊಟಕ್ಕೆ ಬೇಕಾದುದನ್ನು ಬೆಳೆಯಬಹುದು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ನಮ್ಮ ನಗರದಲ್ಲಿಯೇ ಇದೆ. ಅಲ್ಲಿಯ ಕೃಷಿಮೇಳಕ್ಕೆ ಗಂಡಸರು ಹೋಗುತ್ತಾರೆ. ಮುಂದಿನ ಸಲ ಮನೆಯ ಹೆಂಗಸರನ್ನೂ ಕರೆದುಕೊಂಡು ಹೋಗಿರಿ. ಕಳೆ ತೆಗೆಯುವಾಗ ಒಂದೊಂದು ಗಿಡದ ಬುಡವನ್ನು ಹತ್ತಿರದಿಂದ ನೋಡಿದವಳು ಆಕೆ. ಆಕೆ ಕೇಳುವ ಪ್ರಶ್ನೆಗಳೇ ಬೇರೆಯಾಗಿರುತ್ತವೆ.

ಕೊನೆಯದಾಗಿ ಮೂರು ವಿನಂತಿಗಳು. ಮೊದಲನೆಯದು, ಹೊಸದಾಗಿ ಜಮೀನು ಕೊಳ್ಳುವವರು ಗಂಡಹೆಂಡಿರಿಬ್ಬರ ಹೆಸರಿನಲ್ಲಿ ನೋಂದಣಿ ಮಾಡಿಸಿರಿ. ಎರಡನೆಯದು, ಪಾಲುಪಟ್ಟಿಯ ದಿನ ಹೆಣ್ಣುಮಕ್ಕಳನ್ನು ಸಹಿಗಾಗಿ ಮಾತ್ರವಲ್ಲ, ಮಾತಿಗಾಗಿ ಕರೆಯಿರಿ. ಮೂರನೆಯದು, ಇರುವ ಹೊಲದಲ್ಲಿ ಒಂದಿಷ್ಟು ಗುಂಟೆಯನ್ನಾದರೂ ಮನೆಯ ಸೊಸೆಗೋ ಮಗಳಿಗೋ ಬಿಟ್ಟುಕೊಡಿರಿ. ಏನು ಬಿತ್ತಬೇಕೆಂಬುದನ್ನು ಆಕೆಯೇ ನಿರ್ಧರಿಸಲಿ. ಮೊದಲ ವರ್ಷ ಬೆಳೆ ಕೈಕೊಟ್ಟರೆ ಹಂಗಿಸಬೇಡಿರಿ. ಎರಡನೆಯ ವರ್ಷಕ್ಕೂ ಆ ನೆಲ ಆಕೆಯ ಕೈಯಲ್ಲೇ ಇರಲಿ.

ಮುಂದೆ ನಮ್ಮ ಮಕ್ಕಳು ಈ ಸೀಮೆಯ ಇನ್ನೊಂದು ನೂರು ವರ್ಷದ ಕಥೆ ಬರೆಯುವಾಗ ಹೊಲ ಕಟ್ಟಿದ ತಾಯಂದಿರ ಹೆಸರು ಪಹಣಿಯಲ್ಲಿಯೇ ಅವರಿಗೆ ದೊರಕಲಿ.