ಕಸದ ಕರಾರು: ದರ ಎಷ್ಟು ಎನ್ನುವುದಕ್ಕಿಂತ ಯಾವುದಕ್ಕೆ ದರ



ಮನೆಯಿಂದ ಹೊರಹಾಕಿದ ವಸ್ತುವಿನ ಬಗ್ಗೆ ಯಾರೂ ಮತ್ತೆ ಯೋಚಿಸುವುದಿಲ್ಲ. ಬೆಳಗ್ಗೆ ಬಾಗಿಲ ಬಳಿ ಇಟ್ಟ ಡಬ್ಬಿ ಹತ್ತು ಗಂಟೆಗೆ ಖಾಲಿಯಾಗಿರುತ್ತದೆ. ಅದನ್ನು ಖಾಲಿ ಮಾಡಿದವರು ಯಾರು, ಅವರಿಗೆ ಹಣ ಕೊಡುವವರು ಯಾರು, ಆ ಕಸ ಯಾವ ಊರಿನ ಗಡಿಯಲ್ಲಿ ಬಿದ್ದಿತು ಎಂಬ ಪ್ರಶ್ನೆಗಳು ಎರಡೇ ಸಂದರ್ಭಗಳಲ್ಲಿ ಏಳುತ್ತವೆ. ಕಸ ಒಯ್ಯುವವರು ಬಾರದೇ ಇದ್ದಾಗ ಒಂದು, ದರ ಹೆಚ್ಚಾದಾಗ ಇನ್ನೊಂದು. ದರ ಹೆಚ್ಚಾದಾಗಲಂತೂ ಸೊಸೈಟಿಯ ಸಭೆಯಲ್ಲಿ ಎಲ್ಲರ ಧ್ವನಿಯೂ ಒಂದೇ: "ಕಸಕ್ಕೂ ಇಷ್ಟು ಹಣವೇ?"

ಈ ಪ್ರಶ್ನೆಯನ್ನು ಸ್ವಲ್ಪ ತಿದ್ದಿ ಕೇಳಬೇಕಾಗಿದೆ. ಹಣ ಎಷ್ಟು ಎನ್ನುವುದಕ್ಕಿಂತ ಮೊದಲು, ಹಣ ಯಾವುದಕ್ಕೆ ಎಂದು ಕೇಳಬೇಕು. ನಗರಪಾಲಿಕೆಯೊಂದು ಕಸದ ಕರಾರನ್ನು ನವೀಕರಿಸುವಾಗ ಮುಖ್ಯವಾಗುವುದು ಈ ಒಂದೇ ಪ್ರಶ್ನೆ. ಇದಕ್ಕೆ ಪುಣೆ ನಗರದ ಅನುಭವಕ್ಕಿಂತ ಒಳ್ಳೆಯ ಪಾಠ ಬೇರೊಂದಿಲ್ಲ.

ಪುಣೆಯಲ್ಲಿ 1993ರಲ್ಲಿ ಚಿಂದಿ ಆಯುವವರು ಒಂದು ಸಂಘಟನೆ ಕಟ್ಟಿಕೊಂಡರು. ಕಾಗದ್ ಕಾಚ್ ಪತ್ರಾ ಕಷ್ಟಕರೀ ಪಂಚಾಯತ್ ಎಂಬುದು ಅದರ ಹೆಸರು. ಕಾಗದ, ಗಾಜು, ತಗಡು ಆಯ್ದು ಬದುಕುವ ಶ್ರಮಜೀವಿಗಳ ಪಂಚಾಯಿತಿ ಎಂದು ಅದರ ಅರ್ಥ. ಹಮಾಲರ ಸಂಘಟನೆಯನ್ನು ಕಟ್ಟಿದ ಡಾ. ಬಾಬಾ ಆಢಾವ್ ಅವರ ಮಾರ್ಗದರ್ಶನವೂ, ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ವಯಸ್ಕರ ಶಿಕ್ಷಣ ವಿಭಾಗದಲ್ಲಿದ್ದ ಕಾರ್ಯಕರ್ತೆಯರ ದುಡಿಮೆಯೂ ಅದರ ಹಿಂದಿದ್ದವು. ಸದಸ್ಯರಲ್ಲಿ ಬಹುಪಾಲು ಮಹಿಳೆಯರು, ಅವರಲ್ಲಿಯೂ ಬಹುಪಾಲು ದಲಿತ ಸಮುದಾಯದವರು. ಅಲ್ಲಿಯವರೆಗೆ ಕಳ್ಳರೆಂದು ಬೈಸಿಕೊಳ್ಳುತ್ತಿದ್ದ, ತೊಟ್ಟಿಯ ಬಳಿ ನಾಯಿಗಳೊಂದಿಗೆ ಸೆಣಸುತ್ತಿದ್ದ ಈ ಹೆಂಗಸರಿಗೆ ಪಾಲಿಕೆಯ ಮುದ್ರೆಯುಳ್ಳ ಗುರುತಿನ ಚೀಟಿ ದೊರೆಯಿತು. ಅವರ ದುಡಿಮೆ ನಗರಕ್ಕೆ ಉಪಕಾರವೆಂಬ ಮಾತು ಮೊದಲ ಬಾರಿಗೆ ಕಾಗದದ ಮೇಲೆ ಬಂದಿತು.

2000ದಲ್ಲಿ ಕೇಂದ್ರ ಸರ್ಕಾರದ ನಿಯಮಗಳು ಬಂದು, ಕಸವನ್ನು ಮನೆಮನೆಯಿಂದಲೇ ಸಂಗ್ರಹಿಸಬೇಕೆಂದು ನಗರಗಳಿಗೆ ವಿಧಿಸಿದವು. ಆಗ ಒಂದು ಆತಂಕ ಎದುರಾಯಿತು. ಮನೆಬಾಗಿಲಿಗೆ ಗುತ್ತಿಗೆದಾರನ ವಾಹನ ಬಂದರೆ ಬೀದಿಯ ತೊಟ್ಟಿ ಇಲ್ಲವಾಗುತ್ತದೆ. ತೊಟ್ಟಿ ಇಲ್ಲವಾದರೆ ಅದರಿಂದ ಬದುಕುತ್ತಿದ್ದವರ ಗತಿಯೇನು? ಪುಣೆ ಇದಕ್ಕೆ ಕಂಡುಕೊಂಡ ಉತ್ತರ ಸರಳವಾಗಿತ್ತು. ಆ ಮನೆಮನೆಯ ಕೆಲಸವನ್ನು ಅವರಿಗೇ ಒಪ್ಪಿಸುವುದು. ಹೀಗೆ ಹುಟ್ಟಿದ ಸಹಕಾರ ಸಂಸ್ಥೆಯೇ 'ಸ್ವಚ್ಛ್'. 2008ರಲ್ಲಿ ಪಾಲಿಕೆ ಅದರೊಡನೆ ಐದು ವರ್ಷಗಳ ಒಡಂಬಡಿಕೆ ಮಾಡಿಕೊಂಡಿತು. ಮುಂದೆ ಅದರ ಸದಸ್ಯರ ಸಂಖ್ಯೆ ಮೂರು ಸಾವಿರವನ್ನು ಮೀರಿತು.

ಈ ಒಡಂಬಡಿಕೆಯ ಸ್ವರೂಪವನ್ನು ಗಮನವಿಟ್ಟು ನೋಡಬೇಕು. ಇಬ್ಬರ ಒಂದು ಜೋಡಿ ನಿಗದಿಯಾದ ಮನೆಗಳಿಗೆ ಪ್ರತಿದಿನ ಹೋಗುತ್ತದೆ. ಪ್ರತಿ ಮನೆಯೂ ತಿಂಗಳಿಗೆ ಗೊತ್ತಾದ ಶುಲ್ಕವನ್ನು ನೇರವಾಗಿ ಅವರ ಕೈಗೆ ಕೊಡುತ್ತದೆ. ಒಣ ಕಸದಲ್ಲಿ ಮಾರಾಟಕ್ಕೆ ಯೋಗ್ಯವಾದುದನ್ನು ಗುಜರಿಗೆ ಮಾರಿ ಬಂದ ಹಣವೂ ಅವರದೇ. ಹಸಿ ಕಸವನ್ನೂ ಉಳಿದುದನ್ನೂ ಅವರು ಪಾಲಿಕೆಯ ವಾಹನ ನಿಲ್ಲುವ ಸ್ಥಳಕ್ಕೆ ತಲುಪಿಸುತ್ತಾರೆ. ಕೈಗವಸು, ತಳ್ಳುಗಾಡಿ, ಸಂಸ್ಥೆಯ ಆಡಳಿತದ ವೆಚ್ಚ ಇವುಗಳಿಗೆ ಪಾಲಿಕೆ ನೆರವಾಗುತ್ತದೆ. ಕೊಳೆಗೇರಿಗಳ ಮನೆಗಳಿಗೆ ಸಹಾಯಧನವನ್ನೂ ನೀಡುತ್ತದೆ. ಆದರೆ ತಿಂಗಳ ಸಂಬಳವೆಂಬುದು ಪಾಲಿಕೆಯಿಂದ ಇಲ್ಲ.

ಒಂದು ಸಣ್ಣ ಲೆಕ್ಕವನ್ನು ಇಲ್ಲಿಯೇ ಮಾಡೋಣ. ಒಂದು ಜೋಡಿಗೆ ಇನ್ನೂರು ಮನೆಗಳೆಂದೂ ಪ್ರತಿ ಮನೆಯಿಂದ ತಿಂಗಳಿಗೆ 80 ರೂಪಾಯಿ ಎಂದೂ ಹಿಡಿಯೋಣ. ಒಟ್ಟು 16,000 ರೂಪಾಯಿ, ತಲೆಗೆ 8,000. ನಾಲ್ಕರಲ್ಲಿ ಒಂದು ಮನೆ ಶುಲ್ಕ ಕೊಡದಿದ್ದರೆ ಅದು 6,000ಕ್ಕೆ ಇಳಿಯುತ್ತದೆ. ಕೊಡದ ಮನೆಯ ಕಸವನ್ನು ಮಾತ್ರ ಬಿಟ್ಟು ಬರಲಾಗದು. ಅದು ಮೆಟ್ಟಿಲಲ್ಲಿ ನಾರಿದರೆ ದೂರು ಬರುವುದು ಅವರ ಮೇಲೆಯೇ. ಮನೆಯ ಕಡೆಯಿಂದ ಅದೇ ಲೆಕ್ಕವನ್ನು ನೋಡಿದರೆ ದಿನಕ್ಕೆ ಮೂರು ರೂಪಾಯಿಯೂ ಆಗುವುದಿಲ್ಲ. ಎಂಟು ಸಾವಿರಕ್ಕೂ ಆರು ಸಾವಿರಕ್ಕೂ ನಡುವಿನ ಅಂತರ ಒಂದು ಸಂಸಾರಕ್ಕೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ವಿವಾದದ ವಿಷಯ. ಒಡಂಬಡಿಕೆಯ ಅವಧಿ 2020ರ ಕೊನೆಗೆ ಮುಗಿದಾಗ ಪುಣೆಯ ರಾಜಕಾರಣದಲ್ಲಿ ಒಂದು ವಾದ ಬಲವಾಯಿತು. ಖಾಸಗಿ ಗುತ್ತಿಗೆದಾರನಿಗೆ ಕೆಲಸ ಕೊಟ್ಟರೆ ವಾಹನಗಳು ಬರುತ್ತವೆ, ನಾಗರಿಕರು ಪ್ರತ್ಯೇಕವಾಗಿ ಶುಲ್ಕ ಕೊಡಬೇಕಾಗಿಲ್ಲ ಎಂಬುದು ಆ ವಾದ. ಕರಾರು ಪೂರ್ಣವಾಗಿ ನವೀಕರಣಗೊಳ್ಳದೆ ಅಲ್ಪಾವಧಿಯ ವಿಸ್ತರಣೆಗಳ ಮೇಲೆ ನಡೆಯಿತು. ನಾಳೆ ಕೆಲಸ ಇರುವುದೋ ಇಲ್ಲವೋ ಎಂದು ತಿಳಿಯದ ಹೆಂಗಸು ಇಂದು ಮೂರನೆಯ ಮಹಡಿ ಹತ್ತಬೇಕಾಗಿತ್ತು. ಮಹಾಮಾರಿಯ ದಿನಗಳಲ್ಲಿ ಎಲ್ಲರೂ ಬಾಗಿಲು ಹಾಕಿಕೊಂಡಿದ್ದಾಗ ಬಾಗಿಲಿಗೆ ಬಂದವರು ಇವರೇ ಎಂಬುದನ್ನು ನೆನೆದರೆ ಈ ಅನಿಶ್ಚಿತತೆ ಇನ್ನಷ್ಟು ಚುಚ್ಚುತ್ತದೆ. ಆಗ ಅನೇಕ ನಾಗರಿಕರು ಇವರ ಪರವಾಗಿ ಪಾಲಿಕೆಗೆ ಬರೆದರೆಂಬುದು ಪುಣೆಯ ಹಿರಿಮೆ.

ಎದುರುವಾದದಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವುದು ನ್ಯಾಯವಲ್ಲ. ವಸ್ತುವಿಗೆ ಹಲವು ಮುಖಗಳಿರುತ್ತವೆ ಎಂದು ಕಲಿಸಿದ ಅನೇಕಾಂತದ ಪರಂಪರೆಯವರು ಅದನ್ನೂ ಆಲಿಸಬೇಕು. ಕೆಲಸಗಾರರು ರಜೆ ಹಾಕಿದ ದಿನ ಬದಲಿ ಬರುವುದಿಲ್ಲ, ಹಬ್ಬದ ದಿನಗಳಲ್ಲಿ ಹೆಚ್ಚು ಹಣ ಕೇಳುತ್ತಾರೆ, ಹೆಂಗಸರು ಭಾರದ ಗಾಡಿ ತಳ್ಳುವುದೇ ಒಂದು ಅವಮಾನ ಎಂಬ ದೂರುಗಳಿವೆ. ಇವೆಲ್ಲಕ್ಕೂ ಕರಾರಿನಲ್ಲಿಯೇ ಪರಿಹಾರವಿದೆ: ಬದಲಿ ಕೆಲಸಗಾರರ ವ್ಯವಸ್ಥೆ, ವೇತನಸಹಿತ ರಜೆ, ಯಂತ್ರಚಾಲಿತ ಗಾಡಿ, ದೂರು ದಾಖಲಿಸುವ ಏರ್ಪಾಡು. ಗಾಡಿ ಸುಧಾರಿಸಬೇಕೆಂದರೆ ಗಾಡಿಯನ್ನು ಬದಲಿಸಬೇಕು. ಅದನ್ನು ತಳ್ಳುವವಳನ್ನು ಹೊರಹಾಕಬೇಕಾಗಿಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಅನೇಕ ನಗರಗಳ ಗುತ್ತಿಗೆಗಳಲ್ಲಿ ಹಣ ಪಾವತಿಯಾಗುವುದು ಟನ್ನಿನ ಲೆಕ್ಕದಲ್ಲಿ. ವಾಹನ ಎಷ್ಟು ತೂಕ ಹೊತ್ತು ತಂದಿತೋ ಅಷ್ಟು ಹಣ. ಈ ಲೆಕ್ಕದಲ್ಲಿ ಭಾರವೇ ಲಾಭ. ನೀರಿನಿಂದ ತುಂಬಿದ ಹಸಿ ಕಸ ಭಾರ. ಮಣ್ಣು ಬೆರೆತರೆ ಇನ್ನೂ ಭಾರ. ಕಸ ಕಡಿಮೆಯಾದರೆ ಗುತ್ತಿಗೆದಾರನಿಗೆ ನಷ್ಟ. ಜನರು ವಿಂಗಡಿಸಿ ಮನೆಯಲ್ಲಿಯೇ ಗೊಬ್ಬರ ಮಾಡಿಕೊಂಡರೆ ಅದೂ ನಷ್ಟ. ಮನೆಯೊಂದಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಇದು ತಿರುವುಮುರುವಾಗುತ್ತದೆ. ಭಾರ ಕಡಿಮೆಯಾದಷ್ಟೂ ತಳ್ಳುವವಳಿಗೆ ಹಗುರ. ಒಣ ಕಸ ಶುದ್ಧವಾಗಿದ್ದಷ್ಟೂ ಗುಜರಿಯಲ್ಲಿ ಬೆಲೆ ಹೆಚ್ಚು. ವಿಂಗಡಿಸುವ ಮನೆಗೂ ಅದನ್ನು ಒಯ್ಯುವವಳಿಗೂ ಹಿತ ಒಂದೇ ಆಗುತ್ತದೆ. ಕಾನೂನಿನ ಬೆದರಿಕೆಯಿಂದ ಆಗದ ಕೆಲಸ ಇಂಥ ಕರಾರಿನಿಂದ ಆಗುತ್ತದೆ.

ಹಸಿ ಕಸದ ಪ್ರಶ್ನೆ ಇನ್ನೂ ಗಂಭೀರ. ಭಾರತದ ನಗರಗಳ ಕಸದಲ್ಲಿ ಸುಮಾರು ಅರ್ಧದಷ್ಟು ಅಡುಗೆಮನೆಯದೇ. ಅದನ್ನು ಪ್ರತ್ಯೇಕಿಸಿದರೆ ಗೊಬ್ಬರವಾಗುತ್ತದೆ, ಇಲ್ಲವೇ ಅನಿಲವಾಗುತ್ತದೆ. ಬೆರೆಸಿದರೆ ಅದು ಉಳಿದೆಲ್ಲವನ್ನೂ ಕೆಡಿಸಿ, ಗುಡ್ಡೆಯಲ್ಲಿ ಕೊಳೆತು, ಬೆಂಕಿ ಹತ್ತುವ ಮೀಥೇನ್ ಅನಿಲವನ್ನೂ ಅಂತರ್ಜಲಕ್ಕೆ ಇಳಿಯುವ ಕಪ್ಪು ರಸವನ್ನೂ ಹುಟ್ಟಿಸುತ್ತದೆ. ಪುಣೆಯ ಕಸವನ್ನು ದಶಕಗಳ ಕಾಲ ಹೊತ್ತ ಉರುಳಿ ದೇವಾಚಿ ಮತ್ತು ಫುರಸುಂಗಿ ಗ್ರಾಮಗಳ ಜನ ಮತ್ತೆಮತ್ತೆ ರಸ್ತೆಗಿಳಿದು ಕಸದ ಲಾರಿಗಳನ್ನು ತಡೆದದ್ದು ಇದಕ್ಕಾಗಿಯೇ. ಬೆಂಗಳೂರಿನ ಮಾವಳ್ಳಿಪುರ, ಮಂಡೂರುಗಳ ಕಥೆಯೂ ಬೇರೆಯಲ್ಲ. ನಗರ ತಾನು ತಿಂದ ಊಟದ ಉಳಿಕೆಯನ್ನು ಹಳ್ಳಿಯ ಬಾವಿಗೆ ಸುರಿಯಿತು. ಕರಾರಿನಲ್ಲಿ ಎಲ್ಲಿಯೂ ಬರೆಯದ ದರವೆಂದರೆ ಆ ಹಳ್ಳಿಗರು ತೆತ್ತ ದರ.

ನಿಯಮಗಳು ಈ ವಿಷಯದಲ್ಲಿ ಮೌನವಾಗಿಲ್ಲ. 2016ರ ಘನತ್ಯಾಜ್ಯ ನಿಯಮಗಳು ಮೂಲದಲ್ಲಿಯೇ ವಿಂಗಡಣೆಯನ್ನೂ, ಬಳಕೆದಾರರ ಶುಲ್ಕವನ್ನೂ, ಚಿಂದಿ ಆಯುವವರನ್ನು ವ್ಯವಸ್ಥೆಯೊಳಗೆ ಸೇರಿಸಿಕೊಳ್ಳುವುದನ್ನೂ ವಿಧಿಸಿದವು. ದಿನಕ್ಕೆ ಸರಾಸರಿ 100 ಕಿಲೋ ಮೀರಿ ಕಸ ಉತ್ಪಾದಿಸುವವರನ್ನು ಅವು ಬೃಹತ್ ಉತ್ಪಾದಕರೆಂದು ಗುರುತಿಸಿದವು. 2026ರ ಏಪ್ರಿಲ್ 1ರಿಂದ ಜಾರಿಯ ದಿನಾಂಕ ಹೊತ್ತು ಬಂದ ಹೊಸ ನಿಯಮಗಳು ಹಸಿ, ಒಣ, ನೈರ್ಮಲ್ಯ ಸಂಬಂಧಿ, ವಿಶೇಷ ಎಚ್ಚರಿಕೆಯ ಕಸ ಎಂದು ನಾಲ್ಕು ವಿಂಗಡಣೆಗಳನ್ನು ಹೇಳುತ್ತವೆ. ಮುಟ್ಟಿನ ಬಟ್ಟೆ, ಡಯಾಪರ್‌ಗಳನ್ನು ಕಾಗದದಲ್ಲಿ ಸುತ್ತಿ ಕೆಂಪು ಚುಕ್ಕೆ ಇಟ್ಟು ಕೊಡಿ ಎಂದು ಪುಣೆಯ ಈ ಹೆಂಗಸರು ಬಹು ಹಿಂದೆಯೇ ಬೇಡಿಕೊಂಡಿದ್ದರು. ಪರರ ದೇಹದ ಮಲಿನವನ್ನು ಬರಿಗೈಯಲ್ಲಿ ಬಿಡಿಸಬೇಕಾದವರ ಬೇಡಿಕೆ ಅದು.

ದರದ ವಿಷಯದಲ್ಲಿ ನಗರಕ್ಕೊಂದು ನೀತಿ ಇದೆ. ಬೆಂಗಳೂರಿನಲ್ಲಿ 2025ರಿಂದ ಕಟ್ಟಡದ ವಿಸ್ತೀರ್ಣವನ್ನು ಆಧರಿಸಿ ವಸತಿಗಳಿಗೆ ತಿಂಗಳಿಗೆ 10ರಿಂದ 400 ರೂಪಾಯಿಯವರೆಗಿನ ಶುಲ್ಕ ಆಸ್ತಿ ತೆರಿಗೆಯೊಡನೆ ಸೇರಿತು. ಮುಂಬಯಿ ಮಹಾನಗರ ಪಾಲಿಕೆ ಅದೇ ವರ್ಷ ಪ್ರಕಟಿಸಿದ ಕರಡಿನಲ್ಲಿ 50 ಚದರ ಮೀಟರ್‌ವರೆಗಿನ ಮನೆಗೆ 100 ರೂಪಾಯಿ, ಅದಕ್ಕಿಂತ ದೊಡ್ಡದಾಗಿ 300 ಚದರ ಮೀಟರ್‌ವರೆಗಿನ ಮನೆಗೆ 500 ರೂಪಾಯಿ ಎಂಬ ಪ್ರಸ್ತಾವವಿತ್ತು. ದೊಡ್ಡ ಮನೆಗೆ ದೊಡ್ಡ ದರ ಎಂಬುದು ನ್ಯಾಯವೇ. ಆದರೆ ವಿಂಗಡಿಸುವ ಮನೆಗೂ ಬೆರೆಸುವ ಮನೆಗೂ ಒಂದೇ ದರವಿದ್ದರೆ ಅದು ತೆರಿಗೆಯಾಗುತ್ತದೆಯೇ ಹೊರತು ತಿದ್ದುಪಡಿಯಾಗುವುದಿಲ್ಲ. ಪುಣೆ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿದೆ. ಗೊಬ್ಬರ ಘಟಕ, ಮಳೆನೀರಿನ ಕೊಯ್ಲು, ಸೌರಶಕ್ತಿ ಇವುಗಳಲ್ಲಿ ಒಂದನ್ನು ಅಳವಡಿಸಿದರೆ ಶೇ 5, ಎರಡನ್ನು ಅಳವಡಿಸಿದರೆ ಶೇ 10 ತೆರಿಗೆ ರಿಯಾಯಿತಿ ಅಲ್ಲಿದೆ.

ಆದ್ದರಿಂದ ಯಾವ ನಗರದಲ್ಲಿ ಕರಾರು ನವೀಕರಣಕ್ಕೆ ಬಂದರೂ ನಾಗರಿಕರು ಕೇಳಬೇಕಾದ ಅಂಶಗಳು ಸ್ಪಷ್ಟವಾಗಿವೆ. ಪಾವತಿ ತೂಕಕ್ಕಲ್ಲ, ವಿಂಗಡಿಸಿದ ಸೇವೆಗೆ ಆಗಬೇಕು. ಅವಧಿ ತಿಂಗಳುಗಳದ್ದಾಗದೆ ವರ್ಷಗಳದ್ದಾಗಿರಬೇಕು. ಬೆಲೆಯೇರಿಕೆಗೆ ತಕ್ಕಂತೆ ಪ್ರತಿವರ್ಷ ದರ ಏರುವ ಕ್ರಮ ಮೊದಲೇ ಬರೆದಿರಬೇಕು. ಆಗ ಐದು ವರ್ಷಕ್ಕೊಮ್ಮೆ ದರ ಜಿಗಿಯುವುದೂ ತಪ್ಪುತ್ತದೆ, ಜನ ಸಿಡುಕುವುದೂ ತಪ್ಪುತ್ತದೆ. ಒಣ ಕಸದ ಮೇಲಿನ ಹಕ್ಕು ಅದನ್ನು ಆಯುವವರಲ್ಲಿ ಉಳಿಯಬೇಕು. ರಜೆ, ವಿಮೆ, ಬದಲಿ ಕೆಲಸಗಾರರ ವೆಚ್ಚ ದರದೊಳಗೆ ಕಾಣಿಸಬೇಕು.

ಬಂಧುಗಳೇ, ಕೊನೆಯದಾಗಿ ಸಮಾಜ ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಮಾತು. ಮುನಿಗಳ ಐದು ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ ಸಮಿತಿ. ತ್ಯಜಿಸಬೇಕಾದುದನ್ನು ಜೀವಿಗಳಿಲ್ಲದ ಸ್ಥಳವನ್ನು ನೋಡಿ, ಯಾರಿಗೂ ಹಿಂಸೆಯಾಗದಂತೆ ತ್ಯಜಿಸಬೇಕೆಂಬ ಎಚ್ಚರ ಅದು. ಸ್ವೀಕರಿಸುವ ಆಹಾರದ ಬಗ್ಗೆ ಇರುವಷ್ಟೇ ಎಚ್ಚರ ತ್ಯಜಿಸುವ ವಸ್ತುವಿನ ಬಗ್ಗೆಯೂ ಇರಬೇಕೆಂದು ಈ ಪರಂಪರೆ ಶತಮಾನಗಳ ಹಿಂದೆಯೇ ಹೇಳಿತು. ಶ್ರಾವಕರ ಮನೆಗಳಲ್ಲಿ ನೀರು ಸೋಸಲಾಗುತ್ತದೆ, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಯುತ್ತದೆ. ಆದರೆ ಆ ಊಟದ ಉಳಿಕೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬೀದಿಗೆ ಬಿದ್ದರೆ ಅದರಲ್ಲಿ ಹುಟ್ಟಿ ಸಾಯುವ ಜೀವಿಗಳಿಗೆ ಲೆಕ್ಕವಿಲ್ಲ. ಗೋಶಾಲೆಗೆ ದಾನ ನೀಡಿದ ಕೈಯೇ ಕಟ್ಟಿ ಎಸೆದ ಆ ಚೀಲವನ್ನು ಬೀದಿಯ ಹಸು ನುಂಗುತ್ತದೆ. ಚಾತುರ್ಮಾಸದ, ಪಂಚಕಲ್ಯಾಣದ ಸಾಮೂಹಿಕ ಭೋಜನಗಳಲ್ಲಿ 100 ಕಿಲೋ ಹಸಿ ಕಸವಾಗುವುದು ಒಂದು ಹೊತ್ತಿನ ಮಾತು. ಆ ದಿನಗಳಲ್ಲಿ ಸಮಾಜದ ಭವನವೇ ತನ್ನ ಅಂಗಳದಲ್ಲಿ ಗೊಬ್ಬರದ ಗುಂಡಿ ಇಟ್ಟುಕೊಳ್ಳಲು ಯಾವ ಕರಾರಿನ ದಾರಿಯನ್ನೂ ಕಾಯಬೇಕಾಗಿಲ್ಲ.

ಆರಂಭಿಸಬೇಕಾದ ಕೆಲಸ ಚಿಕ್ಕದು. ಹಸಿ ಕಸ ಬೇರೆ ಡಬ್ಬಿಯಲ್ಲಿರಲಿ. ತಿಂಗಳ ಶುಲ್ಕ ಕೇಳಿಸಿಕೊಳ್ಳುವ ಮೊದಲೇ ತಲುಪಲಿ. ಬಾಗಿಲಿಗೆ ಬರುವವಳ ಹೆಸರು ಮನೆಯವರಿಗೆ ಗೊತ್ತಿರಲಿ. ಮಕ್ಕಳು ಅವಳನ್ನು ಮಾವಶಿ ಎಂದೋ ಅಕ್ಕ ಎಂದೋ ಕರೆಯಲಿ. ಪಾಲಿಕೆ ಕರಡನ್ನು ಪ್ರಕಟಿಸಿ ಆಕ್ಷೇಪಣೆಗಳನ್ನು ಆಹ್ವಾನಿಸಿದಾಗ ದರ ಇಳಿಸಿ ಎಂಬ ಒಂದೇ ಸಾಲಿನ ಪತ್ರ ಹೋಗದೆ, ಈ ದರ ಯಾರಿಗೆ, ಯಾವ ಕೆಲಸಕ್ಕೆ ಎಂದು ಕೇಳುವ ಪತ್ರ ಹೋಗಲಿ.

ಮನೆಯನ್ನು ಶುಚಿಯಾಗಿಡುವುದು ಎಲ್ಲರಿಗೂ ತಿಳಿದ ವಿದ್ಯೆ. ಆ ಶುಚಿತ್ವದ ಬೆಲೆಯನ್ನು ಮತ್ತೊಬ್ಬರ ತಲೆಗೆ ಹೊರಿಸದಿರುವುದು ಇನ್ನೂ ಕಲಿಯಬೇಕಾದ ವಿದ್ಯೆ.