ಹದಿಮೂರರ ಹುಡುಗ, ಹದಿನೆಂಟರ ಚೀಟಿ



ಇವತ್ತು ನಾನು ಮಾತನಾಡುವುದು ಅಮೆರಿಕದ ಒಂದು ಮೊಕದ್ದಮೆಯ ಬಗ್ಗೆ. ಹಿಂಸೆ ತುಂಬಿದ ವಿಡಿಯೋ ಗೇಮುಗಳನ್ನು ಹದಿನೆಂಟು ತುಂಬದವರಿಗೆ ಮಾರಬಾರದು, ಬಾಡಿಗೆಗೂ ಕೊಡಬಾರದು ಎಂದು ಕ್ಯಾಲಿಫೋರ್ನಿಯ ರಾಜ್ಯ 2005ರಲ್ಲಿ ಕಾಯ್ದೆ ಮಾಡಿತು. 2011ರ ಜೂನ್ 27ರಂದು ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಏಳು ಜನ ರದ್ದತಿಯ ಪರ, ಇಬ್ಬರು ವಿರುದ್ಧ. ಆದರೆ ಆ ಏಳು ಜನ ಒಂದೇ ದಾರಿಯಲ್ಲಿ ಬಂದವರಲ್ಲ. ವಿರುದ್ಧ ನಿಂತ ಇಬ್ಬರೂ ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪಿದವರಲ್ಲ. ತೀರ್ಪಿನ ಫಲ ಸರಿ, ಅದಕ್ಕೆ ಕೊಟ್ಟ ಕಾರಣ ಅರ್ಧ ಮಾತ್ರ ಸರಿ ಎಂಬುದು ನನ್ನ ಅಭಿಪ್ರಾಯ. ಯಾಕೆಂದು ಹೇಳುತ್ತೇನೆ.

ಮಸೂದೆ ತಂದವರು ಲೆಲೆಂಡ್ ಯೀ. ಮಕ್ಕಳ ಮನಶ್ಶಾಸ್ತ್ರ ಓದಿದ ಶಾಸಕ. ಸಹಿ ಹಾಕಿದ ಗವರ್ನರ್ ಆರ್ನಾಲ್ಡ್ ಶ್ವಾರ್ಜ್‌ನೆಗರ್, ‘ಟರ್ಮಿನೇಟರ್’ ಸಿನಿಮಾದಲ್ಲಿ ಕಂಡವರನ್ನೆಲ್ಲ ಗುಂಡಿಟ್ಟು ಕೊಂದು ಜಗತ್ಪ್ರಸಿದ್ಧರಾದವರು. ಪತ್ರಿಕೆಗಳು ಇದನ್ನು ಆಡಿಕೊಳ್ಳದೆ ಬಿಡಲಿಲ್ಲ. ಯೀ ಅವರ ಕತೆ ಇನ್ನೂ ವಿಚಿತ್ರ: ಮುಂದೆ ಅವರೇ ಭ್ರಷ್ಟಾಚಾರದ ಪ್ರಕರಣದಲ್ಲಿ ಸಿಕ್ಕಿಬಿದ್ದು 2016ರಲ್ಲಿ ಐದು ವರ್ಷಗಳ ಸೆರೆವಾಸದ ಶಿಕ್ಷೆಗೆ ಒಳಗಾದರು, ಆರೋಪಗಳಲ್ಲಿ ಬಂದೂಕು ಕಳ್ಳಸಾಗಣೆಯ ಸಂಚೂ ಇತ್ತು. ಕಾಯ್ದೆಯ ಗುಣದೋಷಕ್ಕೂ ಇದಕ್ಕೂ ಸಂಬಂಧವಿಲ್ಲ. ಹೇಳದೆ ಇರಲು ಮನಸ್ಸು ಬರಲಿಲ್ಲ, ಅಷ್ಟೇ.

ಕಾಯ್ದೆಯ ಪ್ರಕಾರ ಹಿಂಸೆಯ ಆಟವೆಂದರೆ ಯಾವುದು? ಆಟದೊಳಗೆ ಮನುಷ್ಯರೂಪವನ್ನು ಕೊಲ್ಲುವ, ಅಂಗಹೀನಗೊಳಿಸುವ, ತುಂಡರಿಸುವ, ಲೈಂಗಿಕವಾಗಿ ಆಕ್ರಮಿಸುವ ಆಯ್ಕೆ ಆಡುವವನಿಗೆ ಇರಬೇಕು. ಅದು ಮಕ್ಕಳ ವಿಕೃತ ಕುತೂಹಲವನ್ನು ಕೆರಳಿಸುವಂತಿರಬೇಕು, ಮಕ್ಕಳಿಗೆ ಏನು ತಕ್ಕದ್ದು ಎಂಬ ಸಮುದಾಯದ ಮಾನದಂಡಕ್ಕೆ ಢಾಳಾಗಿ ವಿರುದ್ಧವಾಗಿರಬೇಕು, ಸಾಹಿತ್ಯ, ಕಲೆ, ರಾಜಕೀಯ, ವಿಜ್ಞಾನ ಯಾವ ದೃಷ್ಟಿಯಿಂದಲೂ ಮಕ್ಕಳಿಗೆ ಗಂಭೀರ ಮೌಲ್ಯ ಇಲ್ಲದ್ದಾಗಿರಬೇಕು. ಅಂಥ ಆಟದ ಡಬ್ಬಿಯ ಮುಂಭಾಗದಲ್ಲಿ ಎರಡು ಇಂಚಿಗೆ ಕಡಿಮೆಯಿಲ್ಲದ ‘18’ ಎಂಬ ಚೀಟಿ ಅಂಟಿಸಬೇಕು. ತಪ್ಪಿದರೆ ಸಾವಿರ ಡಾಲರ್‌ವರೆಗೆ ದಂಡ. ಸಂಬಳಕ್ಕೆ ದುಡಿಯುವ ಗುಮಾಸ್ತನಿಗೆ ದಂಡವಿಲ್ಲ. ತಂದೆತಾಯಿ, ಅಜ್ಜ ಅಜ್ಜಿ, ಚಿಕ್ಕಪ್ಪ, ಸೋದರತ್ತೆ ಕೊಂಡು ಕೊಟ್ಟರೂ ತಪ್ಪಿಲ್ಲ.

ಈ ಕಾಯ್ದೆ ಒಂದು ದಿನವೂ ಜಾರಿಯಾಗಲಿಲ್ಲ. ಗೇಮ್ ಉದ್ಯಮದ ಸಂಘಗಳು ಕೂಡಲೇ ಕೋರ್ಟಿಗೆ ಹೋದವು, ಸ್ಯಾನ್ ಹೋಸೆಯ ಫೆಡರಲ್ ನ್ಯಾಯಾಧೀಶರು 2005ರ ಡಿಸೆಂಬರಿನಲ್ಲೇ ತಡೆಯಾಜ್ಞೆ ಕೊಟ್ಟರು, 2009ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಉದ್ಯಮದ ಪರ ನಿಂತಿತು. ಸುಪ್ರೀಂ ಕೋರ್ಟಿಗೆ ಬರುವಾಗ ಮೊಕದ್ದಮೆಗೆ ಶ್ವಾರ್ಜ್‌ನೆಗರ್ ಹೆಸರಿತ್ತು. ತೀರ್ಪು ಬರುವಷ್ಟರಲ್ಲಿ ಜೆರಿ ಬ್ರೌನ್ ಗವರ್ನರ್ ಆಗಿದ್ದರಿಂದ ಅದು ಬ್ರೌನ್ ಪ್ರಕರಣವೆಂದೇ ದಾಖಲಾಯಿತು.

ಕಾಯ್ದೆಯ ಒಕ್ಕಣೆಯನ್ನು ಇನ್ನೊಮ್ಮೆ ನೋಡಿ. ಅದು ಕ್ಯಾಲಿಫೋರ್ನಿಯದವರ ಸ್ವಂತ ಒಕ್ಕಣೆಯಲ್ಲ. ಅಶ್ಲೀಲತೆಯ ಬಗ್ಗೆ ಅಮೆರಿಕದ ಕೋರ್ಟುಗಳು ರೂಪಿಸಿದ್ದ ಪರೀಕ್ಷೆಯನ್ನೇ ತೆಗೆದುಕೊಂಡು, ಕಾಮ ಇದ್ದಲ್ಲಿ ಹಿಂಸೆಯನ್ನು ಕೂರಿಸಿದ್ದರು. ಆಸರೆಗೆ 1968ರ ಗಿನ್ಸ್‌ಬರ್ಗ್ ತೀರ್ಪಿತ್ತು. ನ್ಯೂಯಾರ್ಕಿನ ತಿಂಡಿ ಅಂಗಡಿಯೊಂದರಲ್ಲಿ ಹದಿನಾರರ ಹುಡುಗನಿಗೆ ನಗ್ನಚಿತ್ರಗಳ ಪತ್ರಿಕೆ ಮಾರಿದ ಪ್ರಕರಣ ಅದು. ದೊಡ್ಡವರಿಗೆ ಅಶ್ಲೀಲವಲ್ಲದ್ದೂ ಮಕ್ಕಳಿಗೆ ಅಶ್ಲೀಲವಾಗಬಹುದು, ಅದರ ಮಾರಾಟವನ್ನು ರಾಜ್ಯ ತಡೆಯಬಹುದು ಎಂದು ಕೋರ್ಟ್ ಒಪ್ಪಿತ್ತು. ಕಾಮಕ್ಕೆ ಒಪ್ಪಿದ್ದನ್ನು ಹಿಂಸೆಗೆ ಯಾಕೆ ಒಪ್ಪಬಾರದು? ಕ್ಯಾಲಿಫೋರ್ನಿಯದ ಇಡೀ ವಾದ ಇಷ್ಟೇ, ಮತ್ತು ಅದು ದಡ್ಡ ವಾದವಲ್ಲ.

ಬಹುಮತದ ತೀರ್ಪು ಬರೆದವರು ಆಂಟೊನಿನ್ ಸ್ಕಲಿಯಾ. ಅವರ ಉತ್ತರ ಚರಿತ್ರೆಯ ಉತ್ತರ. ವಾಕ್ ಸ್ವಾತಂತ್ರ್ಯವನ್ನು ಕಾಯುವ ಅಮೆರಿಕ ಸಂವಿಧಾನದ ಮೊದಲ ತಿದ್ದುಪಡಿಯ ರಕ್ಷಣೆಯಿಂದ ಹೊರಗಿರುವ ಮಾತಿನ ಬಗೆಗಳು ಕೆಲವೇ, ಅವು ಹಳೆಯವು. ಶಾಸಕಾಂಗ ತನಗೆ ಬೇಡವೆನಿಸಿದ್ದನ್ನು ಆ ಪಟ್ಟಿಗೆ ಸೇರಿಸುತ್ತ ಹೋಗುವಂತಿಲ್ಲ. ಅಶ್ಲೀಲತೆ ಆ ಪಟ್ಟಿಯಲ್ಲಿದೆ, ಹಿಂಸೆ ಎಂದೂ ಇರಲಿಲ್ಲ. ಮಕ್ಕಳ ಕೈಗೆ ನಾವೇ ಕೊಡುವ ಗ್ರಿಮ್ ಸೋದರರ ಕತೆಗಳನ್ನು ಅವರು ತೀರ್ಪಿನಲ್ಲೇ ಬಿಚ್ಚಿಟ್ಟರು: ಕೆಂಪಗೆ ಕಾದ ಪಾದರಕ್ಷೆ ತೊಟ್ಟು ಸಾಯುವ ತನಕ ಕುಣಿಯುವ ರಾಣಿ, ಪಾರಿವಾಳಗಳು ಕಣ್ಣು ಕುಕ್ಕಿ ತೆಗೆಯುವ ಮಲಸೋದರಿಯರು, ಮುದುಕಿಯನ್ನು ಒಲೆಗೆ ನೂಕುವ ಮಕ್ಕಳು. ಒಂದು ಕಾಲಕ್ಕೆ ಅಗ್ಗದ ಕಾದಂಬರಿ, ಆಮೇಲೆ ಸಿನಿಮಾ, 1950ರ ಆಸುಪಾಸಿನಲ್ಲಿ ಕಾಮಿಕ್ಸ್, ಪ್ರತಿ ಸಲವೂ ಮಕ್ಕಳು ಕೆಟ್ಟರು ಎಂಬ ಹುಯಿಲು ಎದ್ದದ್ದನ್ನೂ ನೆನಪಿಸಿದರು.

ಈ ಮಾತು ನಮಗೆ ಬೇಗ ಒಗ್ಗುತ್ತದೆ. ಹಿರಣ್ಯಕಶಿಪುವಿನ ಕರುಳು ಬಗೆಯುವ ಯಕ್ಷಗಾನದ ಆಟವನ್ನು ಅಪ್ಪನ ತೊಡೆಯ ಮೇಲೆ ಕೂತು ಬೆಳತನಕ ನೋಡಿದ ಕರಾವಳಿಯವರು ಈ ಸಭೆಯಲ್ಲಿದ್ದಾರೆ. ಅಶ್ವತ್ಥಾಮ ಮಲಗಿದವರನ್ನು ಕೊಲ್ಲುವ, ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ ನಾಟಕ ಊರ ಜಾತ್ರೆಯಲ್ಲಿ ನಡೆದಾಗ ಮುಂದಿನ ಸಾಲು ಮಕ್ಕಳದೇ. ಅವರಾರೂ ಮಲಗಿದವರ ಕುತ್ತಿಗೆ ಕೊಯ್ಯುವವರಾಗಲಿಲ್ಲ.

ಆದರೆ ಮುಂದಿನ ಸಾಲಿನ ಆ ಹುಡುಗ ಅಶ್ವತ್ಥಾಮನಲ್ಲ. ಕೊಲ್ಲುವ ಗುಂಡಿ ಅವನ ಬೆರಳಿನಡಿ ಇಲ್ಲ. ಸ್ಕಲಿಯಾ ಈ ವ್ಯತ್ಯಾಸವನ್ನು ಬೇಗ ತಳ್ಳಿಹಾಕಿದರು. ಮುಂದೇನಾಗಬೇಕೆಂದು ಓದುಗನೇ ಆರಿಸುವ ಪುಸ್ತಕಗಳು 1969ರಿಂದಲೇ ಇವೆ, ಒಳ್ಳೆಯ ಸಾಹಿತ್ಯವೆಲ್ಲ ಓದುಗನನ್ನು ಒಳಗೆ ಎಳೆದುಕೊಳ್ಳುವಂಥದ್ದೇ ಎಂದರು. ನನಗೆ ಇದು ವಕೀಲಿಕೆಯ ಮಾತಾಗಿ ಕೇಳುತ್ತದೆ. ಆ ಏಳು ಜನರಲ್ಲೇ ಒಬ್ಬರಾದ ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಅಲಿಟೊ ಅವರಿಗೂ ಹಾಗೆಯೇ ಕೇಳಿತು. ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಜೊತೆಗೂಡಿ ಅವರು ಬೇರೆ ಬರೆದರು. ಕಾಯ್ದೆ ರದ್ದಾಗಬೇಕು, ಆದರೆ ಹೊಸ ತಂತ್ರಜ್ಞಾನವನ್ನು ಹಳೆಯ ಪುಸ್ತಕದಂತೆಯೇ ಕಾಣುವ ಅವಸರ ಬೇಡ. ಶಾಲೆಗೆ ನುಗ್ಗಿ ಗುಂಡು ಹಾರಿಸುವ ಅನುಭವವನ್ನೇ ಕೊಡುವ ಆಟವೂ ಓದೂ ಒಂದೇ ಎನ್ನಲು ಇನ್ನೂ ಕಾಲ ಬಂದಿಲ್ಲ ಎಂಬುದು ಅವರ ನಿಲುವು. ಅವರ ಪ್ರಕಾರ ಕಾಯ್ದೆ ಬೀಳಬೇಕಾದದ್ದು ಅಸ್ಪಷ್ಟತೆಯಿಂದ. ಐದು ವರ್ಷದ ಕೂಸನ್ನೂ ನಾಳೆ ಹದಿನೆಂಟು ತುಂಬುವವನನ್ನೂ ಒಂದೇ ‘ಅಪ್ರಾಪ್ತ’ ಮಾಡಿ, ಅವರಿಗೆ ತಕ್ಕದ್ದು ಯಾವುದೆಂದು ಅಂಗಡಿಯವನೇ ಊಹಿಸಲಿ, ತಪ್ಪಿದರೆ ಸಾವಿರ ಡಾಲರ್ ಕಟ್ಟಲಿ ಎಂದರೆ ಅದು ಕಾನೂನಾಗುವುದಿಲ್ಲ. ನನ್ನ ಮತ ಇವರಿಗೆ.

2010ರ ನವೆಂಬರ್ 2ರ ವಾದದ ದಿನವೇ ಈ ಅಸ್ಪಷ್ಟತೆ ಬಯಲಾಗಿತ್ತು. ವಿಕೃತ ಹಿಂಸೆಯ ಆಟವೆಂದರೆ ಏನು, ಸಹಜ ಹಿಂಸೆಯ ಆಟವೂ ಒಂದಿದೆಯೇ ಎಂದು ಸ್ಕಲಿಯಾ ರಾಜ್ಯದ ವಕೀಲರನ್ನು ಕೇಳಿದರು. ಸಂವಿಧಾನಕಾರ ಮ್ಯಾಡಿಸನ್ ವಿಡಿಯೋ ಗೇಮಿನ ಬಗ್ಗೆ ಏನು ಯೋಚಿಸಿದ್ದರೆಂದು ಸ್ಕಲಿಯಾ ತಿಳಿಯಬಯಸಿದ್ದಾರೆ ಎಂದು ಅಲಿಟೊ ಕಿಚಾಯಿಸಿದರು. ‘ಮಾರ್ಟಲ್ ಕಾಂಬ್ಯಾಟ್’ ಈ ಕಾಯ್ದೆಗೆ ಸಿಗುತ್ತದೆಯೇ ಎಂದ ನ್ಯಾಯಮೂರ್ತಿ ಎಲೆನಾ ಕೇಗನ್, ನಮ್ಮ ಕೈಕೆಳಗಿನ ಅರ್ಧದಷ್ಟು ಕಾನೂನು ಸಹಾಯಕರು ಅದನ್ನು ಆಡಿಯೇ ಬೆಳೆದವರು ಎಂದರು.

ಇನ್ನು ಪುರಾವೆಯ ಮಾತು. ರಾಜ್ಯ ನೆಚ್ಚಿಕೊಂಡದ್ದು ಮನಶ್ಶಾಸ್ತ್ರಜ್ಞ ಕ್ರೇಗ್ ಆಂಡರ್ಸನ್ ಮತ್ತು ಅವರಂಥ ಕೆಲವರ ಅಧ್ಯಯನಗಳನ್ನು. ಅವು ಆಟಕ್ಕೂ ಆಕ್ರಮಣಶೀಲತೆಗೂ ನಂಟು ತೋರಿಸುತ್ತವೆ, ಕಾರಣವೆಂದು ಸಾಧಿಸುವುದಿಲ್ಲ ಎಂದಿತು ಕೋರ್ಟ್. ಒಂದು ಅಕ್ಷರ ಬಿಟ್ಟ ಪದ ಕೊಟ್ಟರೆ, ಹಿಂಸೆಯ ಆಟ ಆಡಿ ಬಂದ ಮಕ್ಕಳು ‘ಎಕ್ಸ್‌ಪ್ಲೋರ್’ ಬದಲು ‘ಎಕ್ಸ್‌ಪ್ಲೋಡ್’ ಎಂದು ತುಂಬುವುದು ಹೆಚ್ಚು ಎಂಬುದು ಒಂದು ಸಂಶೋಧನೆಯ ಫಲ. ಸ್ಕಲಿಯಾ ಅದನ್ನು ಅಡಿಟಿಪ್ಪಣಿಯಲ್ಲಿ ಲೇವಡಿ ಮಾಡಿದರು. ಬಗ್ಸ್ ಬನ್ನಿ ಕಾರ್ಟೂನಿನಿಂದ ಆಗುವ ಪರಿಣಾಮವೂ ಇಷ್ಟೇ ಎಂದು ಆಂಡರ್ಸನ್ ಅವರೇ ಒಪ್ಪಿದ್ದರು. ಹಾಗಿದ್ದರೆ ಕಾರ್ಟೂನ್ ಬಿಟ್ಟು ಗೇಮಿಗೆ ಮಾತ್ರ ಯಾಕೆ ಕಾಯ್ದೆ? ಜೊತೆಗೆ 1994ರಿಂದ ಉದ್ಯಮವೇ ನಡೆಸುತ್ತಿದ್ದ ವಯೋಶ್ರೇಣಿಯ ವ್ಯವಸ್ಥೆ ಇತ್ತು. ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲಿ ಗುಟ್ಟಾಗಿ ಮಕ್ಕಳನ್ನು ಅಂಗಡಿಗೆ ಕಳಿಸಿ ನೋಡಿದಾಗ, ಹದಿನೇಳು ತುಂಬಿದವರಿಗೆಂದು ಗುರುತಿಸಿದ ಆಟಗಳನ್ನು ಅವರಿಗೆ ಮಾರಿದ ಅಂಗಡಿಗಳು ಶೇಕಡಾ 20 ಮಾತ್ರ.

ಭಿನ್ನಮತದ ಇಬ್ಬರಲ್ಲಿ ಕ್ಲಾರೆನ್ಸ್ ಥಾಮಸ್ ಅವರದು ಸರಳ: ಸಂವಿಧಾನ ಬರೆದ ಕಾಲದಲ್ಲಿ ಮಕ್ಕಳ ಮೇಲೆ ತಂದೆತಾಯಿಯ ಅಧಿಕಾರ ಪೂರ್ಣವಾಗಿತ್ತು, ಅವರನ್ನು ದಾಟಿ ಮಕ್ಕಳೊಂದಿಗೆ ಮಾತಾಡುವ ಹಕ್ಕು ಯಾರಿಗೂ ಇರಲಿಲ್ಲ. ಸ್ಟೀಫನ್ ಬ್ರೇಯರ್ ಅವರದು ಹಾಗೆ ಪಕ್ಕಕ್ಕಿಡುವಂಥದ್ದಲ್ಲ. ಅವರು ಅಧ್ಯಯನಗಳ ಉದ್ದನೆಯ ಪಟ್ಟಿಯನ್ನೇ ತೀರ್ಪಿಗೆ ಲಗತ್ತಿಸಿದರು. ಆಮೇಲೆ ಒಂದು ಪ್ರಶ್ನೆ ಹಾಕಿದರು. ಹದಿಮೂರರ ಹುಡುಗನಿಗೆ ನಗ್ನ ಹೆಂಗಸಿನ ಚಿತ್ರವಿರುವ ಪತ್ರಿಕೆ ಮಾರುವುದನ್ನು ತಡೆಯಬಹುದು. ಅದೇ ಹುಡುಗ ಅದೇ ಹೆಂಗಸನ್ನು ಆಟದೊಳಗೆ ಕಟ್ಟಿಹಾಕಿ, ಬಾಯಿಗೆ ಬಟ್ಟೆ ತುರುಕಿ, ಹಿಂಸಿಸಿ ಕೊಲ್ಲುವಂತಿದ್ದರೆ ಆ ಆಟದ ಮಾರಾಟ ಮಾತ್ರ ಸಂವಿಧಾನದ ರಕ್ಷಣೆಯಲ್ಲಿ. ಇದರಲ್ಲಿ ಅರ್ಥವೇನು? ಸ್ಕಲಿಯಾ ಅವರಲ್ಲಿ ಇದಕ್ಕೆ ಇದ್ದ ಉತ್ತರ ಹಿಂದಿನಿಂದ ಹಾಗೇ ಇದೆ ಎಂಬುದೊಂದೇ. ಹಳೆಯದಾದ ಮಾತ್ರಕ್ಕೆ ಯಾವುದೂ ನ್ಯಾಯವಾಗುವುದಿಲ್ಲ ಎಂದು ನಾವು ಬೇರೆ ಎಷ್ಟೋ ಸಂದರ್ಭಗಳಲ್ಲಿ ಹೇಳಿದ್ದೇವೆ.

ನಮ್ಮ ದೇಶ ಇದೇ ಪ್ರಶ್ನೆಗೆ ಮೊದಲೇ ಬೇರೆ ಉತ್ತರ ಕೊಟ್ಟಿತ್ತು. ಇಂಗ್ಲೆಂಡಿನಲ್ಲಿ ಹೊರದೇಶದ ಭಯಾನಕ ಕಾಮಿಕ್ಸ್‌ಗೆ ಕಾನೂನು ಬಂದ ಮರುವರ್ಷ, 1956ರಲ್ಲಿ, ಯುವಜನರಿಗೆ ಹಾನಿಕರವಾದ ಪ್ರಕಟಣೆಗಳ ವಿರುದ್ಧ ನಮ್ಮ ಸಂಸತ್ತು ಕಾಯ್ದೆ ಮಾಡಿತು. ಅಪರಾಧ, ಹಿಂಸೆ, ಕ್ರೌರ್ಯವನ್ನೇ ಮುಖ್ಯವಾಗಿ ಚಿತ್ರಿಸಿ ಎಳೆಯರನ್ನು ಕೆಡಿಸಬಹುದಾದ ಕತೆಪುಸ್ತಕ ಮಾರಿದರೆ ಆರು ತಿಂಗಳವರೆಗೆ ಜೈಲು. ಅಮೆರಿಕದ ಕೋರ್ಟ್ 1948ರಲ್ಲೇ ಹೊಡೆದುಹಾಕಿದ್ದ ಬಗೆಯ ಕಾನೂನು ಇದು. ನಮ್ಮ ಈ ಕಾಯ್ದೆಯ ಹೆಸರು ಕೇಳಿದ್ದೇನೆಂದ ವಕೀಲರು ನನಗೆ ಹೆಚ್ಚು ಸಿಕ್ಕಿಲ್ಲ. ಇನ್ನು ನಮ್ಮ ಸುಪ್ರೀಂ ಕೋರ್ಟಿನ 1970ರ ಕೆ.ಎ. ಅಬ್ಬಾಸ್ ತೀರ್ಪು: ಚಲಿಸುವ ಚಿತ್ರ ಬೇರೆ ಕಲೆಗಳಿಗಿಂತ ಆಳವಾಗಿ ತಟ್ಟುತ್ತದೆ, ಮಕ್ಕಳನ್ನು ಮತ್ತೂ ಹೆಚ್ಚು, ಆದ್ದರಿಂದ ಸಿನಿಮಾಕ್ಕೆ ಮುಂಚಿತ ಸೆನ್ಸಾರ್ ಸಲ್ಲುತ್ತದೆ ಎಂದರು ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ. ಸ್ಕಲಿಯಾ ಬೇಡವೆಂದದ್ದನ್ನು ಅವರು ನಲವತ್ತು ವರ್ಷ ಮೊದಲೇ ಒಪ್ಪಿದ್ದರು. ಆದರೂ ಸಿನಿಮಾ ಪ್ರಮಾಣಪತ್ರ ಮಂಡಳಿಯ ವ್ಯಾಪ್ತಿಗೆ ವಿಡಿಯೋ ಗೇಮ್ ಬರುವುದಿಲ್ಲ. 2020ರ ಸೆಪ್ಟೆಂಬರಿನಲ್ಲಿ ಪಬ್ಜಿ ಎಂಬ ಆಟ ನಿಷೇಧವಾದದ್ದು ದೇಶದ ಭದ್ರತೆಯ ಹೆಸರಿನಲ್ಲಿ, ಮಕ್ಕಳ ಹೆಸರಿನಲ್ಲಲ್ಲ.

ಬ್ರೇಯರ್ ಪ್ರಶ್ನೆಗೆ ಇನ್ನೊಂದು ಅಧ್ಯಾಯ ಸೇರಿದೆ. 2025ರ ಜೂನ್ 27ರಂದು, ಬ್ರೌನ್ ತೀರ್ಪು ಬಂದು ಸರಿಯಾಗಿ ಹದಿನಾಲ್ಕು ವರ್ಷಕ್ಕೆ, ಅದೇ ಕೋರ್ಟ್ ಟೆಕ್ಸಾಸಿನ ಕಾಯ್ದೆಯೊಂದನ್ನು ಎತ್ತಿಹಿಡಿಯಿತು. ಮೂರನೇ ಒಂದು ಪಾಲಿಗಿಂತ ಹೆಚ್ಚು ಮಕ್ಕಳಿಗೆ ಹಾನಿಕರವಾದ ಲೈಂಗಿಕ ವಿಷಯವಿರುವ ಜಾಲತಾಣಗಳು ನೋಡುಗರ ವಯಸ್ಸನ್ನು ಗುರುತಿನ ದಾಖಲೆಯಂಥ ಆಧಾರದಿಂದ ಪರಿಶೀಲಿಸಬೇಕು ಎನ್ನುವ ಕಾಯ್ದೆ. ಆರು ಜನ ಪರ, ಮೂವರು ವಿರುದ್ಧ. ಬಹುಮತದ ತೀರ್ಪು ಬರೆದವರು 2011ರಲ್ಲಿ ಸೋತಿದ್ದ ಥಾಮಸ್. ಬ್ರೇಯರ್ ಅಷ್ಟರಲ್ಲಿ ನಿವೃತ್ತರಾಗಿದ್ದರು. ಹಿಂಸೆಯ ಆಟಕ್ಕೆ ಬಂದರೆ, ಅದು ಈಗ ಡಬ್ಬಿಯಲ್ಲಿ ಬರುವುದೂ ಅಪರೂಪ. ಹೆಚ್ಚಿನವು ನೇರ ಇಳಿಸಿಕೊಳ್ಳುವಂಥವು, ಹುಟ್ಟಿದ ವರ್ಷ ಕೇಳುತ್ತವೆ, ಏನು ಹೊಡೆದರೂ ನಂಬುತ್ತವೆ.

ಬ್ರೌನ್, ಟೆಕ್ಸಾಸ್ ಎರಡೂ ತೀರ್ಪುಗಳನ್ನು ಕಾನೂನು ವಿದ್ಯಾರ್ಥಿಗಳು ಅಕ್ಕಪಕ್ಕ ಇಟ್ಟುಕೊಂಡು ಓದಬೇಕೆಂದು ನನ್ನ ಕೋರಿಕೆ. ಬ್ರೌನ್ ತೀರ್ಪನ್ನು ಅಲಿಟೊ ಅವರಿಂದ ಶುರುಮಾಡಿ, ಸ್ಕಲಿಯಾ ಅವರ ಗದ್ಯ ಸೊಗಸಾಗಿರುವುದರಿಂದ ಅದನ್ನು ಮೊದಲು ಓದಿದರೆ ಮಿಕ್ಕವರು ರುಚಿಸುವುದಿಲ್ಲ.